ಕೂಗಿದರೆ ಕಡಿಮೆಗೆ ಕೊಡುತ್ತಾನೆ

“ಇದೆಲ್ಲ ಈಗ ಮೊಬೈಲಿನಲ್ಲೇ ಬರುತ್ತದಲ್ಲ ಮಾರಾಯರೇ, ಇದಕ್ಕೆ ಬೇರೆ ಡಬ್ಬಿ ಯಾಕೆ?”

ಈ ಪ್ರಶ್ನೆಯನ್ನು ನನಗೆ ಯಾರು ಯಾರು ಕೇಳಿಲ್ಲ ಎಂದು ಪಟ್ಟಿ ಮಾಡುವುದೇ ಸುಲಭ. ಕಚೇರಿಯ ಸಹೋದ್ಯೋಗಿಗಳು ಕೇಳಿದ್ದಾರೆ, ಹಾಲು ಹಾಕುವವರು ಕೇಳಿದ್ದಾರೆ, ಮದುವೆ ಊಟದ ಪಂಕ್ತಿಯಲ್ಲಿ ಪಕ್ಕದ ಎಲೆಯ ಅಪರಿಚಿತರೂ ಕೇಳಿದ್ದಾರೆ. ಆದರೆ ನನ್ನ ಷಡ್ಡಕರು ಕೇಳುವ ಕ್ರಮವೇ ಬೇರೆ. ನಾನು ಕೈಯಲ್ಲಿ ಹಿಡಿದು ಆಡುವ ಗೇಮ್ ಯಂತ್ರವನ್ನು ಚೀಲದಿಂದ ಹೊರಗೆ ತೆಗೆಯುವುದೇ ತಡ, ಬೆನ್ನ ಹಿಂದೆ ಬಂದು ನಿಲ್ಲುತ್ತಾರೆ. ಬಾಯಿ ತುಂಬ ಎಲೆಅಡಿಕೆಯ ಕವಳವಿರುತ್ತದೆ. ರಸ ಚೆಲ್ಲದಂತೆ ಗದ್ದವನ್ನು ಮೇಲಕ್ಕೆತ್ತಿ ಪ್ರಶ್ನೆ ಕೇಳುತ್ತಾರೆ. ಉತ್ತರಕ್ಕೆ ಕಾಯುವುದಿಲ್ಲ. ಅಲ್ಲಿಂದ ಹೋಗುವುದೂ ಇಲ್ಲ. “ಎಡಕ್ಕೆ ಹೋಗಿ. ಅಲ್ಲಿ ಏನೋ ಹೊಳೆಯಿತು. ಛೇ, ಬಿದ್ದಿರಿ” ಎಂದು ನೇರ ಪ್ರಸಾರ ಶುರು ಮಾಡುತ್ತಾರೆ.

ಅವರು ನನ್ನ ಹೆಂಡತಿಯ ಅಕ್ಕನ ಗಂಡ. ನಾನು ಕರೆಯುವುದು ಭಾವ ಎಂದೇ. ಸಾಗರದ ಹತ್ತಿರ ಅಡಿಕೆ ತೋಟ, ಒಳ್ಳೆಯ ಮನುಷ್ಯ, ಕಷ್ಟಕ್ಕೆ ಆಗುವವರು. ಇವನ್ನೆಲ್ಲ ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಇನ್ನು ಮುಂದೆ ಹೇಳುವ ಮನಸ್ಸಿಲ್ಲ. ಸದ್ಯ ನನ್ನ ಸ್ವಿಚ್, ಅಂದರೆ ನಿಂಟೆಂಡೊ ಕಂಪನಿಯ ಗೇಮ್ ಯಂತ್ರ, ಅವರ ಮನೆಯಲ್ಲಿದೆ.

ಮೊಬೈಲಿನಲ್ಲಿ ಬರುತ್ತದೆ, ನಿಜ. ಏನೇನು ಬರುತ್ತದೆ ಎಂದೂ ನೋಡಬೇಕಲ್ಲ. ಮೊದಲು ಜಾಹೀರಾತು ಬರುತ್ತದೆ. ಅದನ್ನು ಮುಚ್ಚುವ ಗುರುತು ಸಾಸಿವೆ ಕಾಳಿನಷ್ಟಿರುತ್ತದೆ, ಅದೂ ಮೂಲೆಯಲ್ಲಿ. ಆಮೇಲೆ ಹರಳು ಕೊಳ್ಳಿ, ನಾಣ್ಯ ಕೊಳ್ಳಿ ಎಂಬ ಒತ್ತಾಯ. ಅದನ್ನೂ ದಾಟಿ, ನಾಯಕ ಪ್ರಪಾತದ ಈ ಅಂಚಿನಿಂದ ಆ ಅಂಚಿಗೆ ಜಿಗಿದು ನಡು ಆಕಾಶದಲ್ಲಿ ಇರುವಾಗ, ವೈಯಕ್ತಿಕ ಸಾಲ ಬೇಕೇ ಸರ್ ಎಂದು ಕೇಳುವ ಕರೆ ಬರುತ್ತದೆ. ಬೇಡಮ್ಮಾ ಎನ್ನುವಷ್ಟರಲ್ಲಿ ಅವನು ಪಾತಾಳ ಸೇರಿರುತ್ತಾನೆ.

ಫೋನೂ ಗೇಮೂ ಒಂದೇ ಡಬ್ಬಿಯಲ್ಲಿರಲಿ ಎಂಬ ಬುದ್ಧಿ ನೋಕಿಯಾದವರಿಗೆ 2003ರಲ್ಲೇ ಬಂದಿತ್ತು. ಎನ್-ಗೇಜ್ ಎಂದು ಹೆಸರು. ಒಂದು ಆಟ ತೆಗೆದು ಇನ್ನೊಂದು ಹಾಕಬೇಕಾದರೆ ಹಿಂಬದಿಯ ಮುಚ್ಚಳ ಬಿಚ್ಚಿ ಬ್ಯಾಟರಿಯನ್ನೇ ಹೊರಗೆ ತೆಗೆಯಬೇಕಿತ್ತು. ಮಾತನಾಡಬೇಕಾದರೆ ಅದರ ಅಗಲದ ಮುಖವನ್ನು ಬಿಟ್ಟು ಅಂಚನ್ನು ಕಿವಿಗೆ ಆನಿಸಿಕೊಳ್ಳಬೇಕಿತ್ತು. ಭಾವನಿಗೆ ಇದನ್ನೆಲ್ಲ ವಿವರಿಸಿ ಹೇಳಿದೆ. “ಹೂಂ” ಎಂದರು. ಕವಳದ ಬಾಯಿಯ ಹೂಂಗೆ ಒಪ್ಪಿದೆ ಎಂದೂ ಅರ್ಥವಿದೆ, ನಿಮ್ಮದು ಮುಗಿಯಿತೇ ಎಂದೂ ಅರ್ಥವಿದೆ.

ಇಂಥ ಯಂತ್ರಗಳ ಬಗ್ಗೆ ಬರೆಯುವ ಪಂಡಿತರು ಪರದೆ, ಚಿಪ್, ವೇಗ ಎಂದು ಅಳೆಯುತ್ತಾರೆ. ನನ್ನ ಅಳತೆ ಮೂಗಿನದು. ಎಲ್ಲರೂ ಆಡುವುದು ರಾತ್ರಿ ಹಾಸಿಗೆಯಲ್ಲಿ ಅಂಗಾತ ಮಲಗಿ. ನಿದ್ದೆ ಹತ್ತಿದಾಗ ಕೈ ಸಡಿಲಾಗಿ ಯಂತ್ರ ಬೀಳುವುದು ಮೂಗಿನ ಮೇಲೆ. ನಿಂಟೆಂಡೊ ಡಿಎಸ್ ಲೈಟ್ 218 ಗ್ರಾಂ: ಎಚ್ಚರವಾಗುತ್ತದೆ, ಅಷ್ಟೇ. ಸ್ವಿಚ್ ಸುಮಾರು 400 ಗ್ರಾಂ: ಕಣ್ಣಲ್ಲಿ ನೀರು. 2022ರಲ್ಲಿ ಬಂದ ಸ್ಟೀಮ್ ಡೆಕ್ 669 ಗ್ರಾಂ. ಕಂಪ್ಯೂಟರಿನ ದೊಡ್ಡ ದೊಡ್ಡ ಆಟಗಳನ್ನೆಲ್ಲ ಅಂಗೈಗೆ ತಂದುಕೊಟ್ಟ ಯಂತ್ರ ಅದು, ಗೌರವವಿದೆ. ಆದರೆ ಮಲಗಿ ಆಡುವವರು ಮನೆಯವರಿಗೆ ಒಂದು ಮಾತು ಹೇಳಿ ಆಡುವುದು ಕ್ಷೇಮ. 2025ರಲ್ಲಿ ಬಂದ ಸ್ವಿಚ್ 2ರ ಪರದೆ 7.9 ಇಂಚಿಗೆ ಬೆಳೆಯಿತು ಎಂದು ಎಲ್ಲರೂ ಕೊಂಡಾಡಿದರು. ಮೂಗಿನ ಕಡೆಯಿಂದ ನೋಡಿದರೆ ಅದೇನೂ ಸಿಹಿ ಸುದ್ದಿಯಲ್ಲ.

ಈ ಇಡೀ ವ್ಯವಹಾರ ಶುರುವಾದದ್ದೇ ಪುಟ್ಟದಾಗಿ. ರೈಲಿನಲ್ಲಿ ಬೇಸರ ಕಳೆಯಲು ಯಾರೋ ಕ್ಯಾಲ್ಕುಲೇಟರಿನ ಗುಂಡಿ ಒತ್ತುತ್ತಾ ಕುಳಿತದ್ದನ್ನು ಕಂಡು ನಿಂಟೆಂಡೊದ ಗುನ್‌ಪೇ ಯೊಕೊಯಿಗೆ ಕೈಯಾಟದ ಯಂತ್ರ ಹೊಳೆಯಿತು ಎಂದು ಹೇಳುತ್ತಾರೆ. 1980ರಲ್ಲಿ ಗೇಮ್ ಅಂಡ್ ವಾಚ್ ಬಂತು, 1989ರಲ್ಲಿ ಅವನ ತಂಡದ ಗೇಮ್ ಬಾಯ್. ಬಣ್ಣವಿಲ್ಲ, ಒಳಗೆ ದೀಪವಿಲ್ಲ, ಹಸಿರು ಹಳದಿ ಪರದೆ, ನಾಲ್ಕು ಪೆನ್ಸಿಲ್ ಸೆಲ್. ಪೈಪೋಟಿಗೆ ಬಂದ ಸೆಗಾದ ಗೇಮ್ ಗಿಯರ್‌ಗೆ ಬಣ್ಣವೂ ಇತ್ತು, ದೀಪವೂ ಇತ್ತು, ಕೆಲವೇ ಗಂಟೆಗಳಲ್ಲಿ ಆರು ಸೆಲ್ ನುಂಗುವ ಹಸಿವೂ ಇತ್ತು. ಗೆದ್ದದ್ದು ಗೇಮ್ ಬಾಯ್. ಹಳತಾಗಿ ಅಗ್ಗವಾದ ತಂತ್ರಜ್ಞಾನವನ್ನೇ ಹೊಸ ರೀತಿಯಲ್ಲಿ ಬಳಸು ಎನ್ನುವುದು ಯೊಕೊಯಿಯ ಸೂತ್ರವಾಗಿತ್ತು. ನಮ್ಮ ಮನೆಗಳಲ್ಲಿ ಹಳೆ ಪಂಚೆ ಒರೆಸುವ ಬಟ್ಟೆಯಾಗುವುದೂ ಈ ಸೂತ್ರದ ಮೇಲೆಯೇ. ನಾವು ಅದಕ್ಕೆ ಹೆಸರಿಡಲಿಲ್ಲ.

ಗೇಮ್ ಬಾಯ್ ನಮ್ಮೂರಿನ ಕಡೆ ಬರಲೇ ಇಲ್ಲ. ನಮಗೆ ಸಿಕ್ಕಿದ್ದು ಜಾತ್ರೆಯ ಅಂಗಡಿಯಲ್ಲಿ ತೂಗುಬಿಟ್ಟಿದ್ದ, ಮೇಲಿನಿಂದ ಬೀಳುವ ಇಟ್ಟಿಗೆ ಜೋಡಿಸುವ ಬ್ರಿಕ್ ಗೇಮ್. ಮೇಲೆ 9999 ಆಟಗಳು ಎಂದು ಬರೆದಿರುತ್ತಿತ್ತು. ಇದ್ದದ್ದು ಬೆರಳೆಣಿಕೆಯ ಆಟಗಳು. ಒಂದೇ ಆಟವನ್ನು ಸ್ವಲ್ಪ ಬೇಗ, ಇನ್ನೂ ಸ್ವಲ್ಪ ಬೇಗ ಓಡಿಸಿ ಲೆಕ್ಕ ತುಂಬಿಸಿದ್ದರು. ಸೆಲ್ ಮುಗಿದರೆ ಕೊಡಿಸುವವರು ಯಾರು? ಅಜ್ಜನ ಪುಟ್ಟ ರೇಡಿಯೊದ ಸೆಲ್ಲುಗಳೇ ಗತಿ. ವಾರ್ತೆಯ ಹೊತ್ತಿಗೆ ಅಜ್ಜ ಏನೂ ಅನ್ನದೆ ಕೈ ಚಾಚುತ್ತಿದ್ದರು, ನಾನು ಏನೂ ಅನ್ನದೆ ಬಿಚ್ಚಿ ಕೊಡುತ್ತಿದ್ದೆ. ವಾರ್ತೆ ಮುಗಿದ ಮೇಲೆ ಅವರೇ ತಂದುಕೊಡುತ್ತಿದ್ದರು. ಒಂದು ಮಧ್ಯಾಹ್ನ ಪಕ್ಕದಲ್ಲಿ ಕುಳಿತು ಬಹಳ ಹೊತ್ತು ನೋಡಿ, “ಸಾಲು ತುಂಬಿದ ಕೂಡಲೇ ಗೋಡೆ ಮಾಯವಾಗುತ್ತದಲ್ಲೋ, ಇದಕ್ಕೆ ಕೂಲಿ ಕೊಡುವವರು ಯಾರು?” ಎಂದು ಕೇಳಿದ್ದರು. ಆ ಪ್ರಶ್ನೆಗೆ ನನ್ನಲ್ಲಿ ಈಗಲೂ ಉತ್ತರವಿಲ್ಲ. ಅವರು ಬೆನ್ನ ಹಿಂದೆ ನಿಲ್ಲುತ್ತಿರಲಿಲ್ಲ, ಪಕ್ಕದಲ್ಲಿ ಕೂರುತ್ತಿದ್ದರು.

ಇರಲಿ. ಆಟದ ಸರಣಿಗಳ ಬಗ್ಗೆಯೂ ನನಗೆ ಕೆಲವು ತಕರಾರುಗಳಿವೆ. ಫೈನಲ್ ಫ್ಯಾಂಟಸಿ ಎಂಬ ‘ಕೊನೆಯ’ ಆಟ 1987ರಲ್ಲಿ ಬಂತು; ಹದಿನಾರನೆಯ ಕೊನೆ 2023ರಲ್ಲಿ. ನಮ್ಮ ಸಭೆಗಳಲ್ಲಿ ಕೊನೆಯದಾಗಿ ಎರಡು ಮಾತು ಎನ್ನುವ ಭಾಷಣಕಾರರಿಗೂ ಇಷ್ಟು ತಾಳ್ಮೆಯಿಲ್ಲ. ಪೋಕೆಮಾನ್ 1996ರಲ್ಲಿ ಜಪಾನಿನಲ್ಲಿ ಕೆಂಪು, ಹಸಿರು ಎಂದು ಎರಡು ಪ್ರತಿಗಳಾಗಿ ಹುಟ್ಟಿತು. ಇದರಲ್ಲಿ ಸಿಗುವ ಕೆಲವು ಪ್ರಾಣಿ ಅದರಲ್ಲಿ ಸಿಗುವುದಿಲ್ಲ. ಗೆಳೆಯನ ಜೊತೆ ವಿನಿಮಯ ಮಾಡಿಕೊಳ್ಳಬೇಕು. ಆಟವನ್ನು ಕೊಳ್ಳಬಹುದು, ಗೆಳೆಯನನ್ನು ಎಲ್ಲಿಂದ ತರುವುದು? ಇನ್ನು ದ್ವೀಪವೊಂದರಲ್ಲಿ ಮನೆ, ತೋಟ ಮಾಡಿಕೊಂಡಿರುವ ಆಟ ಅನಿಮಲ್ ಕ್ರಾಸಿಂಗ್. ಅದರಲ್ಲಿ ಟಾಮ್ ನೂಕ್ ಎಂಬ ಮಹಾನುಭಾವ ಮನೆ ಕಟ್ಟಿಸಿಕೊಟ್ಟು ಸಾಲ ಬರೆದುಕೊಳ್ಳುತ್ತಾನೆ. ಬಡ್ಡಿಯಿಲ್ಲ, ಕಂತಿಲ್ಲ, ಗಡುವಿಲ್ಲ, ಕೊಟ್ಟಾಗ ಕೊಡಿ ಎನ್ನುತ್ತಾನೆ. ಅವನನ್ನು ಶೋಷಕ ಎಂದು ಜಗತ್ತೆಲ್ಲ ಹಂಗಿಸುತ್ತದೆ. ಬೆಂಗಳೂರಿನಲ್ಲಿ ಫ್ಲ್ಯಾಟಿನ ಕಂತು ಕಟ್ಟುವ ಯಾರೂ ಆ ಮಾತಿಗೆ ದನಿಗೂಡಿಸಲಾರರು.

ನನ್ನ ಮಟ್ಟಿಗೆ ಕೈಯಾಟದ ಯಂತ್ರವೆಂದರೆ ಮಡಚುವಂತಿರಬೇಕು. 2004ರಲ್ಲಿ ಬಂದ, ಎರಡು ಪರದೆಯ ಮಡಚುವ ಡಿಎಸ್ 15 ಕೋಟಿಗೂ ಹೆಚ್ಚು ಮಾರಾಟವಾದದ್ದು ಸುಮ್ಮನೆ ಅಲ್ಲ. ಅದೇ ಕಾಲದ ಸೋನಿಯ ಪಿಎಸ್‌ಪಿ ನೋಡಲು ಚೆಲುವ, ಸಿನಿಮಾವನ್ನೂ ತೋರಿಸುತ್ತಿತ್ತು; ಆದರೆ ಕೋಪ ಬಂದಾಗ ಟಪ್ಪೆಂದು ಮುಚ್ಚುವ ಸುಖ ಅದರಲ್ಲಿ ಎಲ್ಲಿದೆ? ಡಿಎಸ್‌ನಲ್ಲಿ ಜೆಲ್ಡಾ ಸರಣಿಯ ‘ಫ್ಯಾಂಟಮ್ ಅವರ್‌ಗ್ಲಾಸ್’ ಎಂಬ 2007ರ ಆಟವಿದೆ. ಅದರಲ್ಲಿ ಮೇಲಿನ ಪರದೆಯ ಲಾಂಛನವನ್ನು ಕೆಳಗಿನ ಪರದೆಯ ನಕ್ಷೆಗೆ ಒತ್ತಬೇಕು ಎಂಬ ಒಗಟು ಬರುತ್ತದೆ. ಉಜ್ಜಿ, ತಟ್ಟಿ, ಗೀಚಿ, ಏನೂ ಆಗದೆ ಸಿಟ್ಟಿನಿಂದ ಮುಚ್ಚಿ ಅನ್ನ ಉಣ್ಣಲು ಹೋದೆ. ಬಂದು ತೆರೆದರೆ ಒಗಟು ಬಿಡಿಸಿಕೊಂಡಿತ್ತು. ಮುಚ್ಚುವುದೇ ಅದರ ಉತ್ತರವಂತೆ!

ಅದೇ ಆಟ ದೀಪ ಆರಿಸಲು ಮೈಕಿಗೆ ಊದಿ ಎನ್ನುತ್ತದೆ. ಕೂಗಿ ಎಂದೂ ಹೇಳುತ್ತದೆ. ಇದೇ ನನ್ನ ಈಗಿನ ಸಂಕಟದ ಬೇರು.

ಕೆಲವು ವಾರಗಳ ಹಿಂದೆ ಸಾಗರದಲ್ಲಿ ಒಂದು ಗೃಹಪ್ರವೇಶ. ಬೆಂಗಳೂರಿಗೆ ಬಂದಿದ್ದ ಭಾವನ ಜೊತೆಯಲ್ಲೇ ರಾತ್ರಿ ಬಸ್ಸು ಹತ್ತಿದೆವು. ಹೆಂಗಸರು ಮುಂದಿನ ಸೀಟಿನಲ್ಲಿ, ನಾವಿಬ್ಬರು ಹಿಂದೆ. ತಿಪಟೂರು ದಾಟಿತ್ತು, ಬಸ್ಸಿನ ದೀಪವೆಲ್ಲ ಆರಿತ್ತು. ಭಾವ ಮಲಗಿದ್ದಾರೆ ಎಂದು ನಂಬಿ ಡಿಎಸ್ ತೆರೆದೆ. ನನ್ನ ನಾಯಕ ಆ ಹೊತ್ತಿಗೆ ಕ್ಯಾನನ್ ದ್ವೀಪದಲ್ಲಿ ಎಡೋ ಎಂಬ ಮುದುಕನ ಅಂಗಡಿಯಲ್ಲಿ ನಿಂತಿದ್ದ. ಸಮುದ್ರದ ತಳದಿಂದ ನಿಧಿ ಎತ್ತುವ ಯಂತ್ರದ ತೋಳನ್ನು ಅವನಲ್ಲಿ ಕೊಳ್ಳಬೇಕು. ಅದು ನಮಗೆ ಎಷ್ಟರ ಮಟ್ಟಿಗೆ ಬೇಕೇ ಬೇಕು ಎಂದು ಮೈಕಿಗೆ ಕೂಗಿ ಹೇಳಬೇಕು. ದನಿ ಏರಿದಷ್ಟೂ ಬೆಲೆ ಇಳಿಯುತ್ತದೆ. ನಡುರಾತ್ರಿಯ ಬಸ್ಸಿನಲ್ಲಿ ಇದೇನು ಬಂತು ಎಂದು ಕೈಕಟ್ಟಿ ಕುಳಿತೆ. ಪಕ್ಕದಿಂದ ಕವಳದ ವಾಸನೆ ಹತ್ತಿರ ಬಂತು.

“ಯಾಕೆ ನಿಂತಿರಿ?”

ವಿಷಯ ಹೇಳಿದೆ.

“ಎಷ್ಟು ಹೇಳುತ್ತಾನೆ? ಯಾವ ದುಡ್ಡು?”

ಜೆಲ್ಡಾ ಲೋಕದ ನಾಣ್ಯಕ್ಕೆ ರೂಪಿ ಎನ್ನುತ್ತಾರೆ. ಅದನ್ನು ಹೇಳಿದ್ದೇ ತಡ, ಭಾವ ನೆಟ್ಟಗೆ ಕುಳಿತರು. ಅಷ್ಟು ದಿನ ಮೊಬೈಲಿನಲ್ಲೇ ಬರುತ್ತದೆ ಎನ್ನುತ್ತಿದ್ದ ವಸ್ತುವನ್ನು ಎರಡೂ ಕೈಗಳಿಂದ ಇಸಿದುಕೊಂಡರು. ಕಿಟಕಿಯ ಗಾಜು ಸರಿಸಿ ಕವಳ ಉಗಿದರು. ಅವರು ಮಾತಿಗಾಗಿ ಕವಳ ಉಗಿದದ್ದನ್ನು ನಾನು ನೋಡಿದ್ದು ಅದೇ ಮೊದಲು. ಪಂಚೆಯ ಅಂಚಿನಿಂದ ಬಾಯಿ ಒರೆಸಿಕೊಂಡು, ಪರದೆಯ ಮುದುಕನನ್ನು ಸ್ವಲ್ಪ ಹೊತ್ತು ಮಾತಿಲ್ಲದೆ ನೋಡಿದರು. ಮಂಡಿಯಲ್ಲಿ ದಲಾಲರ ಮುಂದೆ ಹೀಗೆಯೇ ಕೂರುತ್ತಾರಂತೆ. ಮೊದಲು ಬಾಯಿ ಬಿಟ್ಟವನು ಸೋತ ಎಂದು ಲೆಕ್ಕ.

ಮುದುಕ ಬಾಯಿ ಬಿಡಲಿಲ್ಲ.

“ಅಲ್ಲ ಸ್ವಾಮಿ, ಇದರಲ್ಲಿ ಅಂಥದ್ದೇನಿದೆ? ಬರೀ ಕಬ್ಬಿಣ” ಎಂದರು ಭಾವ, ಮೆಲುದನಿಯಲ್ಲಿ. ಮೈಕು ಇನ್ನೂ ತೆರೆದಿರಲಿಲ್ಲ. ಎಡೋನ ಮಾತೇ ಪರದೆಯ ಮೇಲೆ ನಿಂತಿತ್ತು. ಗುಂಡಿ ಒತ್ತಬೇಕು ಎಂದು ನಾನು ಬಾಯಿ ತೆರೆದರೆ, ನಡುವೆ ಬರಬೇಡಿ ಎಂದು ಕೈಸನ್ನೆ ಮಾಡಿದರು. “ನಾವೇನು ಇವತ್ತಿನ ಗಿರಾಕಿಯೇ? ಮುಂದೆಯೂ ಬರುವವರೇ ಅಲ್ಲವೇ?” ಉತ್ತರವಿಲ್ಲ. “ಹೋಗಲಿ, ನಿಮ್ಮದೂ ಬೇಡ ನಮ್ಮದೂ ಬೇಡ.” ಉತ್ತರವಿಲ್ಲ. ಆಗ ಭಾವ ತಮ್ಮ ಕೊನೆಯ ಅಸ್ತ್ರ ತೆಗೆದರು. “ಬನ್ನಿ ಮಾರಾಯರೇ, ಬೇರೆ ಕಡೆ ನೋಡೋಣ” ಎಂದು ನನಗೆ ಹೇಳಿ ಡಿಎಸ್ಸನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡರು. ಕತ್ತಲಲ್ಲಿ ಇಬ್ಬರೂ ಕುಳಿತೆವು. ಮುಚ್ಚಳದ ಒಳಗಿನಿಂದ ಮುದುಕ ಕೂಗಿ ಕರೆಯುತ್ತಾನೆ ಎಂದು ಅವರು ನಿಜವಾಗಿಯೂ ಕಾಯುತ್ತಿದ್ದರು. ನಾಚಿಕೆಯೆಂದರೆ, ನಾನೂ ಕಾದೆ.

ಅರಸೀಕೆರೆ ಹತ್ತಿರವಾಗುತ್ತಿತ್ತು. ಮತ್ತೆ ತೆರೆದರು. ಮುದುಕ ಅಲ್ಲೇ ನಿಂತಿದ್ದ. ನಾನು ಗುಂಡಿ ಒತ್ತಿ, “ಈಗ ಕೂಗಬೇಕು, ಮಾತು ಅವನಿಗೆ ತಿಳಿಯುವುದಿಲ್ಲ, ಸದ್ದು ಮಾತ್ರ ತಿಳಿಯುತ್ತದೆ” ಎಂದೆ. ಭಾವನ ಮುಖದಲ್ಲಿ ತಿರಸ್ಕಾರ ಸುಳಿಯಿತು. ಇಂಥ ವ್ಯಾಪಾರಿಗಳನ್ನೂ ಅವರು ಕಂಡಿರಬೇಕು. ಎದೆ ತುಂಬ ಉಸಿರೆಳೆದು, ತೋಟದ ಆಚೆ ತುದಿಯಲ್ಲಿ ನುಗ್ಗಿದ ದನ ಅಟ್ಟುವ ದನಿಯಲ್ಲಿ “ಕೊಡುತ್ತೀಯೋ ಇಲ್ಲವೋ!” ಎಂದರು.

ಬಸ್ಸಿನ ದೀಪಗಳೆಲ್ಲ ಹತ್ತಿದವು. ಡ್ರೈವರು ಬ್ರೇಕು ಹಾಕಿದರು. ಹಿಂದೆ ಒಂದು ಮಗು ಅಳತೊಡಗಿತು. ಯಾರೋ “ಕಳ್ಳ” ಎಂದರು, ಇನ್ಯಾರೋ “ಕಾಫಿಗೆ ನಿಲ್ಲಿಸಿದರೇ?” ಎಂದು ಚಪ್ಪಲಿ ಹುಡುಕತೊಡಗಿದರು. ಕಂಡಕ್ಟರು ಬಂದು ಏನಾಯಿತು ಎಂದು ಕೇಳಿದಾಗ ಭಾವ ಅವರತ್ತ ನೋಡಲೂ ಇಲ್ಲ. ಪರದೆಯನ್ನೇ ನೋಡುತ್ತಿದ್ದರು. ಬೆಲೆ ದಡದಡನೆ ಇಳಿದಿತ್ತು. “ಇಳಿಸಿದ ನೋಡಿ” ಎಂದು ಡಿಎಸ್ಸನ್ನು ಕಂಡಕ್ಟರಿಗೇ ತೋರಿಸಿದರು. ಮುಂದಿನ ಸೀಟಿನಿಂದ ನನ್ನ ಹೆಂಡತಿ ತಿರುಗಿ ನೋಡಿದ ನೋಟ ಮಾತ್ರ ಅಕ್ಕನ ಗಂಡನ ಮೇಲೆ ಬೀಳಲಿಲ್ಲ, ನನ್ನ ಮೇಲೆ ಬಿತ್ತು.

ಗೃಹಪ್ರವೇಶದ ಮನೆಯಲ್ಲಿ ಊಟದ ಹೊತ್ತಿಗೆ ಈ ಕಥೆ ಊರಿಗೆಲ್ಲ ಗೊತ್ತಾಗಿತ್ತು. ವ್ಯಾಪಾರ ಇರುವ ಬೇರೆ ಆಟ ಇದೆಯೇ ಎಂದು ಭಾವ ಕೇಳಿದರು. ಅನಿಮಲ್ ಕ್ರಾಸಿಂಗ್‌ನಲ್ಲಿ ಭಾನುವಾರ ಬೆಳಗ್ಗೆ ಟರ್ನಿಪ್ ಗೆಡ್ಡೆ ಕೊಂಡು ವಾರದೊಳಗೆ ಮಾರಬಹುದು, ಅಂಗಡಿಯ ದರ ದಿನಕ್ಕೆ ಎರಡು ಸಲ ಬದಲಾಗುತ್ತದೆ ಎಂದು ಬಾಯಿತಪ್ಪಿ ಹೇಳಿದೆ. ದಿನಾ ಬೆಳಗ್ಗೆ ಎದ್ದು ದೇವರಿಗಿಂತ ಮೊದಲು ಶಿವಮೊಗ್ಗದ ರಾಶಿ ಅಡಿಕೆಯ ದರ ನೋಡುವ ಮನುಷ್ಯ. “ಕೊಡಿ, ಭಾವ ಒಂದು ವಾರ ಆಡಲಿ” ಎಂದಳು ಹೆಂಡತಿ. ಸ್ವಿಚ್ ನಮ್ಮ ದೇಶದಲ್ಲಿ ಅಧಿಕೃತವಾಗಿ ಮಾರಾಟಕ್ಕೆ ಬಂದದ್ದೇ ಅಲ್ಲ. ಅಮೆರಿಕದ ಸಂಬಂಧಿಯ ಸೂಟ್‌ಕೇಸಿನಲ್ಲಿ ಅದಕ್ಕೊಂದು ಮೂಲೆ ಸಿಗಲು ನಾನು ಕಳಿಸಿದ ಅಪ್ಪೆಮಿಡಿ ಉಪ್ಪಿನಕಾಯಿಯ ಲೆಕ್ಕ ನನಗೇ ಗೊತ್ತು. ಕೊಟ್ಟೆ.

ವಾರ ಕಳೆದು ಎಷ್ಟೋ ದಿನವಾಯಿತು. ಭಾವನ ಮಗಳು ಮೊನ್ನೆ ಒಂದು ಚಿತ್ರ ಕಳಿಸಿದಳು. ನನ್ನ ದ್ವೀಪ. ನಾನು ತಳಿ ಬೆರೆಸಿ ಬೆರೆಸಿ ಬೆಳೆಸಿದ ನೀಲಿ ಗುಲಾಬಿಯ ತೋಟ ಇದ್ದ ಜಾಗದಲ್ಲಿ ಗುಲಾಬಿಯಿಲ್ಲ. ಬೇಲಿಯಿಂದ ಬೇಲಿಯವರೆಗೆ ಗೆಡ್ಡೆ ಹರಡಿದೆ. ಟರ್ನಿಪ್ಪನ್ನು ಆ ಆಟದಲ್ಲಿ ಉಗ್ರಾಣಕ್ಕೆ ಹಾಕಲು ಬಿಡುವುದಿಲ್ಲ, ನಿಜ. ನೆಲದ ಮೇಲೆಯೇ ಇಡಬೇಕು. ಬೇರೆ ನೆಲ ಇರಲಿಲ್ಲವೇ? ಫೋನಿನಲ್ಲಿ ಕೇಳಿದರೆ, “ಅಲ್ಲಿ ಬಿಸಿಲು ಚೆನ್ನಾಗಿ ಬೀಳುತ್ತದೆ” ಎಂದರು. ಗೆಡ್ಡೆ ಮುಂದಿನ ಭಾನುವಾರಕ್ಕೆ ಕೊಳೆಯುತ್ತದೆ ಎಂಬುದಷ್ಟೇ ಅವರಿಗಿರುವ ಬೇಸರ. ಅಡಿಕೆಯಾದರೆ ದರ ಬರುವವರೆಗೆ ಅಟ್ಟದಲ್ಲಿ ಇಟ್ಟು ಕಾಯಬಹುದಿತ್ತಂತೆ.

ಈ ಭಾನುವಾರ ಬೆಳಕು ಹರಿಯುವ ಮೊದಲೇ ಅವರ ಕರೆ ಬಂತು. ಹಿನ್ನೆಲೆಯಲ್ಲಿ ಅಕ್ಕ ಏನೋ ಬೈಯುತ್ತಿರುವುದು ಕೇಳಿಸುತ್ತಿತ್ತು.

“ಮೂಗು ಸೋರಿಸಿಕೊಂಡು ಬರುವ ಆ ಹಂದಿಮರಿ ಹುಡುಗಿ ಗೆಡ್ಡೆಗೆ 97 ಹೇಳುತ್ತಾಳೆ ಮಾರಾಯರೇ. ಆಗಿನಿಂದ ಕೂಗುತ್ತಿದ್ದೇನೆ, ಒಂದು ಕಾಸು ಇಳಿಸುತ್ತಿಲ್ಲ.”

ಸ್ವಿಚ್‌ನಲ್ಲಿ ಮೈಕೇ ಇಲ್ಲ. “ಇನ್ನೂ ಸ್ವಲ್ಪ ಜೋರಾಗಿ ಕೂಗಿ ನೋಡಿ ಭಾವ” ಎಂದು ಹೇಳಿ ಫೋನಿಟ್ಟೆ.