ನಕ್ಕರೆಂದರೆ ಒಪ್ಪಿದರೆಂದಲ್ಲ

ಫೋನ್ ಮಾಡಿ ಜನರನ್ನು ಬಕ್ರಾ ಮಾಡುವ ಕಾರ್ಯಕ್ರಮಗಳಲ್ಲಿ ನಗು ಬರುವುದಿಲ್ಲ ಎಂದು ನಾನು ವಾದಿಸುವುದಿಲ್ಲ. ಬರುತ್ತದೆ. ತುಳುವಿನಲ್ಲಿ ನಡೆದರಂತೂ ನಕ್ಕು ನಕ್ಕು ಹೊಟ್ಟೆ ಹುಣ್ಣಾಗುತ್ತದೆ. ಆದರೆ ನಗಿಸುವವರು ಯಾರು ಎಂದು ಗಮನಿಸಿದ್ದೀರಾ? ಕರೆ ಮಾಡಿದವನ ಮಾತು ಹೆಚ್ಚಾಗಿ ಸವಕಲು: ನಿಮ್ಮ ಹೆಸರಿಗೆ ಪಾರ್ಸೆಲ್ ಬಂದಿದೆ, ನಿಮ್ಮ ಬೈಕ್ ನನ್ನ ಕಾರಿಗೆ ತಾಗಿದೆ, ನಿಮ್ಮ ಮಗ ನನ್ನಲ್ಲಿ ಸಾಲ ಮಾಡಿದ್ದಾನೆ. ನಗು ಹುಟ್ಟುವುದು ಆ ಕಡೆಯಿಂದ. ಸುರತ್ಕಲ್ಲಿನ ಅಂಗಡಿಯಾತ ತಡವರಿಸುವ ರೀತಿಯಿಂದ, ಮಲ್ಪೆಯ ಮೀನಿನ ಹೆಂಗಸು ಒಂದೇ ಉಸಿರಿಗೆ ಏಳು ತಲೆಮಾರನ್ನು ಎಳೆದು ಬೈಯುವ ವೈಖರಿಯಿಂದ. ನಾಟಕದ ತಂಡದವರಾದರೆ ಅಂಥ ಪಾತ್ರಧಾರಿಗೆ ಸಂಭಾವನೆ ಕೊಡುತ್ತಿದ್ದರು. ಇಲ್ಲಿ ಸಂಭಾವನೆ ಹಾಗಿರಲಿ, ನೀನು ರಂಗದ ಮೇಲಿದ್ದೀಯ ಎಂಬುದನ್ನೂ ಹೇಳುವುದಿಲ್ಲ.

ಕೊನೆಯಲ್ಲಿ ಗುಟ್ಟು ಬಿಟ್ಟುಕೊಡುತ್ತಾರೆ. ನಿಮ್ಮ ನಂಬರ್ ಕೊಟ್ಟದ್ದು ನಿಮ್ಮ ಭಾವ, ನೀವೀಗ ಬಕ್ರಾ ಎನ್ನುತ್ತಾರೆ. ಆ ಕಡೆಯವರು ‘ಅಯ್ಯೋ ದೇವರೇ’ ಎಂದು ನಗುತ್ತಾರೆ. ಆ ನಗುವನ್ನೇ ಒಪ್ಪಿಗೆ ಎಂದು ಲೆಕ್ಕಕ್ಕೆ ಹಿಡಿಯುತ್ತಾರಲ್ಲ, ನನ್ನ ತಕರಾರು ಇರುವುದು ಅಲ್ಲಿ. ಮಗನಿಗೆ ಏನೂ ಆಗಿಲ್ಲ, ಪೊಲೀಸರು ಬರುವುದಿಲ್ಲ ಎಂದು ಗೊತ್ತಾದಾಗ ಯಾರಿಗಾದರೂ ನಗು ಬರುತ್ತದೆ. ಎಷ್ಟು ಜನ ಕೇಳಿಸಿಕೊಳ್ಳುತ್ತಿದ್ದಾರೋ ತಿಳಿಯದಿರುವಾಗ ಮುನಿಸಿಕೊಂಡು ಮರ್ಯಾದೆ ಕಳೆದುಕೊಳ್ಳುವುದಕ್ಕಿಂತ ನಕ್ಕುಬಿಡುವುದು ಮೇಲು ಎಂದೂ ಅನಿಸುತ್ತದೆ. ಇನ್ನು ಭಾವನ ಒಪ್ಪಿಗೆ ಭಾವನದು ಮಾತ್ರ.

ಇದು ಕಾನೂನುಬದ್ಧವೇ ಎಂದು ಕೇಳಿದರೆ ವಕೀಲ ಮಿತ್ರರು ಮೊದಲು ಗಂಟಲು ಸರಿಪಡಿಸಿಕೊಳ್ಳುತ್ತಾರೆ. ಪ್ರಾಂಕ್ ಕರೆಗಳಿಗೆಂದೇ ಬರೆದ ಕಾಯ್ದೆ ನಮ್ಮಲ್ಲಿಲ್ಲ. ತಾನೇ ಮಾತನಾಡುತ್ತಿರುವ ಕರೆಯನ್ನು ಧ್ವನಿಮುದ್ರಿಸಿಕೊಂಡದ್ದನ್ನು ನ್ಯಾಯಾಲಯಗಳು ಸಾಕ್ಷ್ಯವಾಗಿ ಸ್ವೀಕರಿಸಿದ್ದೂ ಉಂಟು. ಆದರೆ ಸಾಕ್ಷ್ಯವೆಂದು ನ್ಯಾಯಾಧೀಶರ ಮುಂದಿಡುವುದೂ ಜಾಹೀರಾತಿನ ನಡುವೆ ಊರಿಗೆಲ್ಲ ಕೇಳಿಸುವುದೂ ಒಂದೇ ಅಲ್ಲ. ಫೋನಿನ ಮಾತುಕತೆ ಖಾಸಗಿತನದ ಭಾಗ ಎಂದು ಸುಪ್ರೀಂ ಕೋರ್ಟ್ 1996ರಲ್ಲೇ, ಫೋನ್ ಕದ್ದಾಲಿಕೆಯ ಪ್ರಕರಣದಲ್ಲಿ ಹೇಳಿದೆ. ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ತೀರ್ಪು ಕೊಟ್ಟಿತು. ಆ ಪ್ರಕರಣದ ಅರ್ಜಿದಾರರು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು.

ಮೂಲಭೂತ ಹಕ್ಕುಗಳನ್ನು ಮುಖ್ಯವಾಗಿ ಸರ್ಕಾರದ ವಿರುದ್ಧ ಚಲಾಯಿಸುವುದು, ಖಾಸಗಿ ಚಾನೆಲ್ ಸರ್ಕಾರವಲ್ಲ, ನಿಜ. ಅದಕ್ಕೆ ಬೇರೆ ದಾರಿಗಳಿವೆ. ಖಾಸಗಿ ಎಫ್‌ಎಂಗಳು ಅನುಮತಿ ಪಡೆಯುವಾಗಲೇ ಆಕಾಶವಾಣಿಯ ಕಾರ್ಯಕ್ರಮ ಸಂಹಿತೆಗೆ ಬದ್ಧವಾಗಿರುತ್ತೇವೆಂದು ಸಹಿ ಹಾಕಿರುತ್ತವೆ. ಪೊಲೀಸ್ ಅಥವಾ ತೆರಿಗೆ ಅಧಿಕಾರಿಯ ಸೋಗು ಹಾಕುವವರು ಭಾರತೀಯ ನ್ಯಾಯ ಸಂಹಿತೆಯ 204ನೇ ಕಲಮನ್ನು ಒಮ್ಮೆ ಓದಿಕೊಳ್ಳುವುದು ಒಳ್ಳೆಯದು. ವಂಚನೆ ಎಂದರೆ ಹಣ ಲಪಟಾಯಿಸುವುದು ಮಾತ್ರ ಎಂದು ತಿಳಿದವರು ಅದರ ವ್ಯಾಖ್ಯೆಯನ್ನು ನೋಡಬೇಕು. ಮೋಸದಿಂದ ಒಬ್ಬರ ಕೈಯಲ್ಲಿ ಏನನ್ನೋ ಮಾಡಿಸಿ ಅವರ ದೇಹಕ್ಕೆ, ಮನಸ್ಸಿಗೆ, ಹೆಸರಿಗೆ ಅಥವಾ ಆಸ್ತಿಗೆ ಹಾನಿ ಉಂಟುಮಾಡಿದರೂ ಅದು ವಂಚನೆಯೇ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಇನ್ನೂ ಮುಂದೆ ಹೋಗುತ್ತದೆ. ಒಪ್ಪಿಗೆ ಸ್ವತಂತ್ರವಾಗಿರಬೇಕು, ನಿರ್ದಿಷ್ಟವಾಗಿರಬೇಕು, ವಿಷಯ ತಿಳಿದು ಕೊಟ್ಟದ್ದಾಗಿರಬೇಕು, ಕೊಟ್ಟಷ್ಟೇ ಸುಲಭವಾಗಿ ಹಿಂಪಡೆಯುವಂತಿರಬೇಕು ಎನ್ನುತ್ತದೆ ಅದು. ಅದರ ನಿಯಮಗಳು ಬಂದದ್ದು 2025ರ ನವೆಂಬರಿನಲ್ಲಿ, ಮುಖ್ಯ ಬಾಧ್ಯತೆಗಳು ಜಾರಿಯಾಗುವುದು ಅಲ್ಲಿಂದ 18 ತಿಂಗಳಿಗೆ. ಗುರುತು ಸಿಗುವಂಥ ಧ್ವನಿಯೂ ವೈಯಕ್ತಿಕ ದತ್ತಾಂಶವೇ ಎಂಬುದು ನನ್ನ ಓದು. ಮನೆಯ ಮಟ್ಟದ ಬಳಕೆಗೆ ಅಲ್ಲಿ ವಿನಾಯಿತಿ ಇದೆ, ಆದರೆ ಜಾಹೀರಾತಿನ ದುಡ್ಡು ಎಣಿಸುವ ಯೂಟ್ಯೂಬ್ ಚಾನೆಲ್ ಮನೆಯ ಜಗಲಿಯಲ್ಲ.

ಅಮೆರಿಕದಲ್ಲಿ ಈ ಬಗ್ಗೆ ಗೊಂದಲವೇ ಇಲ್ಲ. ಬಾನುಲಿಗಾಗಿ ಫೋನ್ ಸಂಭಾಷಣೆಯನ್ನು ಧ್ವನಿಮುದ್ರಿಸುವ ಮೊದಲೇ ಆ ಕಡೆಯವರಿಗೆ ಪ್ರಸಾರದ ಉದ್ದೇಶ ತಿಳಿಸಬೇಕು ಎಂಬುದು ಅಲ್ಲಿನ ನಿಯಂತ್ರಣ ಮಂಡಳಿಯ ನಿಯಮ. ಬ್ರಿಟನ್ನಿನಲ್ಲಿ 2008ರಲ್ಲಿ ಬಿಬಿಸಿಯ ಇಬ್ಬರು ನಿರೂಪಕರು ಹಿರಿಯ ನಟರೊಬ್ಬರ ಉತ್ತರಯಂತ್ರದಲ್ಲಿ ಅವರ ಮೊಮ್ಮಗಳ ಬಗ್ಗೆ ಅಸಭ್ಯ ಮಾತು ಬಿಟ್ಟು, ಅದನ್ನೇ ಪ್ರಸಾರ ಮಾಡಿದರು. ಮರುವರ್ಷ ಬಿಬಿಸಿ ಒಂದೂವರೆ ಲಕ್ಷ ಪೌಂಡ್ ದಂಡ ಕಟ್ಟಿತು.

ದೂರದ ದೇಶದ ಮಾತು ಬಿಡಿ ಎನ್ನುವವರಿಗೆ ನಮ್ಮ ಉಡುಪಿ ಜಿಲ್ಲೆಯ ಶಿರ್ವದ ನೆನಪು ಮಾಡಬೇಕು. 2012ರ ಡಿಸೆಂಬರ್ 4ರ ಬೆಳಗಿನ ಜಾವ, ಸಿಡ್ನಿಯ ಎಫ್‌ಎಂ ಕೇಂದ್ರದ ಇಬ್ಬರು ನಿರೂಪಕರು ಬ್ರಿಟನ್ನಿನ ರಾಣಿ ಮತ್ತು ಯುವರಾಜ ಚಾರ್ಲ್ಸ್ ಎಂದು ಹೇಳಿಕೊಂಡು ಲಂಡನ್ನಿನ ಆಸ್ಪತ್ರೆಗೆ ಫೋನ್ ಮಾಡಿದರು. ಚಾರ್ಲ್ಸರ ಸೊಸೆ, ಗರ್ಭಿಣಿ ಕೇಟ್ ಅಲ್ಲಿ ದಾಖಲಾಗಿದ್ದರು. ಆ ಹೊತ್ತಿಗೆ ಫೋನ್ ಎತ್ತಿದವರು ಮಂಗಳೂರು ಮೂಲದ ನರ್ಸ್, ಶಿರ್ವದ ಸೊಸೆ. ಅವರು ಆಡಿದ್ದು ಒಂದೆರಡು ಮಾತು. ಕರೆಯನ್ನು ವಾರ್ಡಿಗೆ ವರ್ಗಾಯಿಸಿದರು, ಅಷ್ಟೇ. ರೋಗಿಯ ವಿವರ ಹೇಳಿದವರು ಬೇರೆ ನರ್ಸ್. ಮೂರು ದಿನ ಕಳೆದು, ಕರೆ ವರ್ಗಾಯಿಸಿದ ಶಿರ್ವದ ಸೊಸೆ ಶವವಾಗಿ ಪತ್ತೆಯಾದರು. ಅದು ಆತ್ಮಹತ್ಯೆ ಎಂದು 2014ರಲ್ಲಿ ವಿಚಾರಣೆ ಮುಗಿಯಿತು. ಸತ್ತ ವರ್ಷವೇ, 2012ರ ಡಿಸೆಂಬರ್ 17ರಂದು, ಶಿರ್ವದಲ್ಲಿ ಮಣ್ಣಾಗಿತ್ತು. ಜಗತ್ತಿನ ಕ್ಯಾಮೆರಾಗಳೆಲ್ಲ ಅಂದು ಆ ಊರಿನಲ್ಲಿದ್ದವು. ಅವರ ಹೆಸರು ಎಲ್ಲರಿಗೂ ಗೊತ್ತು, ನಾನು ಮತ್ತೆ ಬರೆಯುವುದಿಲ್ಲ. ಕುಟುಂಬ ಸಾಕಷ್ಟು ಅನುಭವಿಸಿದೆ.

ಒಬ್ಬರ ಸಾವಿಗೆ ಒಂದೇ ಕಾರಣ ಹಚ್ಚುವುದು ಸರಿಯಲ್ಲ, ಹಚ್ಚುವುದೂ ಇಲ್ಲ. ನಾನು ಹೇಳುತ್ತಿರುವುದು ಪ್ರಸಾರದ ಬಗ್ಗೆ. ಆ ಕರೆ ನೇರಪ್ರಸಾರವಾಗಿರಲಿಲ್ಲ. ಮೊದಲೇ ಧ್ವನಿಮುದ್ರಿಸಿದ್ದರು, ಕೇಂದ್ರದ ವಕೀಲರು ಪರಿಶೀಲಿಸಿದರು, ಆಮೇಲೆ ಬಿತ್ತರಿಸಿದರು. ನಿರೂಪಕರು ಇಬ್ಬರೂ ತಕ್ಷಣ ಪತ್ತೆಯಾಗುತ್ತೇವೆಂದು ಭಾವಿಸಿದ್ದರಂತೆ. ಇರಬಹುದು. ಪತ್ತೆಯಾಗಲಿಲ್ಲ ಎಂದು ತಿಳಿದ ಮೇಲೆ ಯೋಚಿಸಲು ಸಮಯವಿತ್ತಲ್ಲ? ಒಪ್ಪಿಗೆಗಾಗಿ ಐದು ಬಾರಿ ಪ್ರಯತ್ನಿಸಿದೆವು ಎಂದು ಕೇಂದ್ರ ಹೇಳಿತು. ನಮ್ಮ ಆಡಳಿತವನ್ನು ಯಾರೂ ಸಂಪರ್ಕಿಸಿಲ್ಲ ಎಂದಿತು ಆಸ್ಪತ್ರೆ. ಕೇಂದ್ರದ ಮಾತೇ ನಿಜ ಎಂದಿಟ್ಟುಕೊಳ್ಳೋಣ. ಐದು ಬಾರಿಯೂ ಒಪ್ಪಿಗೆ ಸಿಗದಿದ್ದರೆ ಪ್ರಸಾರ ಮಾಡಬಾರದು ಎಂದಲ್ಲವೇ ಅದರ ಅರ್ಥ? 2015ರ ಮಾರ್ಚ್‌ನಲ್ಲಿ ಆಸ್ಟ್ರೇಲಿಯಾದ ಹೈಕೋರ್ಟ್, ಅಂದರೆ ಅಲ್ಲಿನ ಸರ್ವೋಚ್ಚ ನ್ಯಾಯಾಲಯ, ಕೇಂದ್ರವು ಪರವಾನಗಿಯ ಷರತ್ತು ಮುರಿದಿದೆ ಎಂದು ನಿರ್ಧರಿಸುವ ಅಧಿಕಾರ ಮಾಧ್ಯಮ ನಿಯಂತ್ರಕರಿಗೆ ಇದೆ ಎಂದಿತು. ಶಿಕ್ಷೆ ಏನೆಂದು ಕೇಳಬೇಡಿ: ಸಿಬ್ಬಂದಿಗೆ ತರಬೇತಿ, ಖಿನ್ನತೆ ಮತ್ತು ಕಿರುಕುಳದ ಬಗ್ಗೆ ಮೂರು ಗಂಟೆಯ ಕಾರ್ಯಕ್ರಮ. ಬ್ರಿಟನ್ನಿನಲ್ಲಿ ಯಾರ ಮೇಲೂ ಮೊಕದ್ದಮೆ ಹೂಡಲಿಲ್ಲ.

ಈ ಪ್ರಕರಣದಲ್ಲಿ ನನ್ನನ್ನು ಹೆಚ್ಚು ಕಾಡುವುದು ಮೋಸಹೋದವರ ಉದ್ಯೋಗ. ನರ್ಸ್, ಲಾಡ್ಜಿನ ರಿಸೆಪ್ಷನಿಸ್ಟ್, ಬಸ್ ಏಜೆಂಟ್, ಮೆಸ್ಕಾಂ ದೂರು ವಿಭಾಗದ ಹುಡುಗಿ, ಇವರಿಗೆಲ್ಲ ಕರೆಯನ್ನು ತುಂಡರಿಸುವ ಸ್ವಾತಂತ್ರ್ಯವಿಲ್ಲ. ಎಷ್ಟೇ ಅಸಂಬದ್ಧ ಮಾತು ಬಂದರೂ ‘ಹೇಳಿ ಸರ್’ ಎನ್ನುವುದಕ್ಕೇ ಅವರಿಗೆ ಸಂಬಳ. ತಮಾಷೆ ನಿಂತಿರುವುದು ಅವರ ಸೌಜನ್ಯದ ಮೇಲೆ. ನನ್ನ ಅಕ್ಕ ಒಂದು ಕ್ಲಿನಿಕ್‌ನಲ್ಲಿ ಫೋನ್ ನೋಡಿಕೊಳ್ಳುತ್ತಾಳೆ. ಒಬ್ಬ ಕರೆ ಮಾಡಿ, ತನ್ನ ಎಮ್ಮೆಗೆ ಮಂಡಿನೋವು, ಮೂಳೆ ಡಾಕ್ಟರರ ಸಮಯ ಬೇಕೇ ಬೇಕು ಎಂದು ಹಟ ಹಿಡಿದ. ಅಕ್ಕ ತಾಳ್ಮೆಯಿಂದಲೇ ಪಶುವೈದ್ಯರ ದಾರಿ ತೋರಿಸಿದಳು. ಕೊನೆಗೆ ಅವನು ಕಿರುಚಾಡಿದಾಗ ‘ನಿಮಗೆ ಬುದ್ಧಿ ಇಲ್ಲವಾ’ ಎಂದಳು. ವಿಡಿಯೊದಲ್ಲಿ ಉಳಿದದ್ದು ಆ ಕೊನೆಯ ಮಾತು. ರೋಗಿಗಳೊಡನೆ ಹೀಗೆಯೇ ಮಾತನಾಡುವುದಾ ಎಂದು ಕ್ಲಿನಿಕ್ಕಿನವರು ಕೇಳಿದರು. ‘ನಾನು ಬೈದದ್ದು ನಿಜ, ಆದರೆ ಮೊದಲಿನ ಮಾತು ಎಲ್ಲಿ ಹೋಯಿತು?’ ಎಂದು ಅಕ್ಕ ನನ್ನನ್ನು ಕೇಳಿದಳು. ಕತ್ತರಿ ಅವಳ ಕೈಯಲ್ಲಿರಲಿಲ್ಲ.

ಇನ್ನೊಂದು ವಿಷಯ. ಡಿಜಿಟಲ್ ಅರೆಸ್ಟ್ ಎಂದು ಹೆದರಿಸಿ ಮುದುಕರ ಉಳಿತಾಯ ದೋಚುವವರ ಆರಂಭದ ಮಾತು ಏನು? ನಿಮ್ಮ ಹೆಸರಿಗೆ ಪಾರ್ಸೆಲ್ ಬಂದಿದೆ. ಮಕ್ಕಳು ಕೊಲ್ಲಿ ದೇಶಗಳಲ್ಲಿರುವ, ಮನೆಯಲ್ಲಿ ಹಿರಿಯರಷ್ಟೇ ಇರುವ ನಮ್ಮ ಜಿಲ್ಲೆಗಳಲ್ಲಿ ಅದೇ ಮಾತನ್ನು ಹಾಸ್ಯವೆಂದು ಬಿತ್ತರಿಸುವವರಿಗೆ ಸ್ವಲ್ಪವಾದರೂ ಅಳುಕು ಬೇಡವೇ?

ಹಾಗಾದರೆ ಹಾಸ್ಯವೇ ಬೇಡವೇ ಎಂದು ಕೇಳುತ್ತೀರಿ. ಬೇಕು. ಕರೆ ಮುಗಿದ ಮೇಲೆ, ಮೈಕ್ ಆರಿಸಿ, ಮರುದಿನ ಬೇರೊಬ್ಬ ಸಿಬ್ಬಂದಿ ಫೋನ್ ಮಾಡಲಿ. ಕತ್ತರಿಸಿ ಸಿದ್ಧಪಡಿಸಿದ ಭಾಗವನ್ನೇ ಕೇಳಿಸಲಿ, ಹಾಕಬಹುದೇ ಎನ್ನಲಿ. ಬೇಡವೆಂದರೆ ಅಳಿಸಲಿ. ಕೆಲಸದ ಮೇಲಿರುವವರಿಗೆ, ಆಸ್ಪತ್ರೆಗಳಿಗೆ, ತುರ್ತು ಸೇವೆಗಳಿಗೆ ಕರೆಯನ್ನೇ ಮಾಡದಿರಲಿ. ಹೀಗೆ ಮಾಡಿದರೆ ವಾರಕ್ಕೆ ಐದು ಕಂತುಗಳ ಬದಲು ಎರಡು ಸಿಗಬಹುದು. ಉಳಿದ ದಿನಗಳಲ್ಲಿ ನಿರೂಪಕರು ಸ್ವಂತ ಹಾಸ್ಯ ಬರೆಯಲಿ, ಅವರಿಗೆ ಸಂಬಳ ಬರುತ್ತದೆ.

ನನ್ನ ನಂಬರನ್ನು ಯಾವುದಾದರೂ ಚಾನೆಲ್ಲಿಗೆ ಕೊಡಬೇಕೆಂದಿರುವ ಗೆಳೆಯರೇ, ಭಾವಂದಿರೇ: ದಯವಿಟ್ಟು ಬೇಡ. ಕೊಟ್ಟರೆ ಮೊದಲ ದೂರಿನಲ್ಲಿ ನಿಮ್ಮ ಹೆಸರೇ ಇರುತ್ತದೆ.