ಸ್ಪೈಡರ್‌ಮ್ಯಾನ್ ಕನ್ನಡದಲ್ಲಿ ಮಾತಾಡಿದರೆ ನೋಡಬೇಕಾ?

ಕನ್ನಡಕ್ಕೆ ಡಬ್ ಆದ ಚಿತ್ರಗಳನ್ನು ಚಿತ್ರರಂಗದ ಸಂಘಟನೆಗಳು ತಡೆಯುತ್ತಿವೆ ಎಂಬ ಕನ್ನಡ ಗ್ರಾಹಕರ ಕೂಟದ ದೂರಿನ ಮೇಲೆ 2015ರ ಜುಲೈನಲ್ಲಿ ಭಾರತೀಯ ಸ್ಪರ್ಧಾ ಆಯೋಗ ಆ ತಡೆ ತಪ್ಪು ಎಂದು ಆದೇಶ ಕೊಟ್ಟಿತು. ಡಬ್ಬಿಂಗ್ ಜಗಳಕ್ಕೆ ಅದು ದೊಡ್ಡ ತಿರುವು. 2022ರ ಡಿಸೆಂಬರ್‌ನಲ್ಲಿ ‘ಅವತಾರ್’ ಎರಡನೇ ಭಾಗ ಕನ್ನಡದಲ್ಲೂ ಬಂತು. 2023ರ ಜೂನ್‌ನಲ್ಲಿ ‘ಸ್ಪೈಡರ್‌ಮ್ಯಾನ್: ಅಕ್ರಾಸ್ ದ ಸ್ಪೈಡರ್‌ವರ್ಸ್’ ಇಲ್ಲಿ ತೆರೆಕಂಡ ಹತ್ತು ಭಾಷೆಗಳಲ್ಲಿ ಕನ್ನಡವೂ ಒಂದು. ಈಗ ಉಳಿದಿರುವುದು ಟಿಕೆಟ್ ಬುಕ್ ಮಾಡುವವರ ಪ್ರಶ್ನೆ: ಹೊಡೆದಾಟ, ತಮಾಷೆ ಎರಡೂ ಕಲಸಿರುವ ಈ ಕಾಮಿಕ್ಸ್ ಚಿತ್ರಗಳನ್ನು ಯಾವ ಭಾಷೆಯ ಆಟಕ್ಕೆ ಹೋಗಿ ನೋಡಬೇಕು?

ಪರ: ಕಣ್ಣು ಹೊಡೆದಾಟಕ್ಕೆ, ಕಿವಿ ಕನ್ನಡಕ್ಕೆ

ಮೊದಲು ಕಣ್ಣಿನ ಲೆಕ್ಕ ಮಾಡೋಣ. ಸಬ್‌ಟೈಟಲ್ ಅಂದರೆ ಸಾಮಾನ್ಯವಾಗಿ ಎರಡು ಸಾಲು, ಇಂಗ್ಲಿಷ್‌ನಲ್ಲಾದರೆ ಸಾಲಿಗೆ ಹೆಚ್ಚೆಂದರೆ ನಲವತ್ತು ಚಿಲ್ಲರೆ ಅಕ್ಷರ. ಅದನ್ನು ಓದಿ ಮುಗಿಸಲು ಎರಡು ಮೂರು ಸೆಕೆಂಡ್ ಬೇಕು. ಈಗಿನ ಹೊಡೆದಾಟದ ದೃಶ್ಯದಲ್ಲಿ ಅಷ್ಟು ಹೊತ್ತಿಗೆ ಎರಡು ಮೂರು ಶಾಟ್ ಬದಲಾಗಿರುತ್ತವೆ. ಕಣ್ಣು ಪರದೆಯ ತಳಕ್ಕೆ ಇಳಿದು ಮೇಲೆ ಹತ್ತುವಷ್ಟರಲ್ಲಿ ಗುದ್ದು ಬಿದ್ದಾಗಿದೆ, ಗುದ್ದಿದವನು ಯಾರು ಅಂತ ಪಕ್ಕದವರನ್ನು ಕೇಳಬೇಕು. ತ್ರೀಡಿ ಆಟದಲ್ಲಿ ಇನ್ನೂ ಕಷ್ಟ. ಅಕ್ಷರ ಒಂದು ಆಳದಲ್ಲಿ, ಮುಖ ಇನ್ನೊಂದು ಆಳದಲ್ಲಿ ಇರುವುದರಿಂದ ಕಣ್ಣು ಪ್ರತಿ ಸಲ ಹೊಂದಿಸಿಕೊಳ್ಳಬೇಕು, ಅರ್ಧ ಚಿತ್ರಕ್ಕೇ ತಲೆ ಭಾರ. ಇಂಗ್ಲಿಷ್ ಸರಾಗವಾಗಿ ಅರ್ಥವಾಗುವವರಿಗೆ ಈ ತಾಪತ್ರಯ ಇಲ್ಲ ನಿಜ. ಆದರೆ ಅಮೆರಿಕನ್ನರು ಗೊಣಗುವ ಇಂಗ್ಲಿಷ್ ಪೂರ್ತಿ ಅರ್ಥವಾಗುತ್ತದೆ ಅಂತ ಎದೆ ತಟ್ಟಿ ಹೇಳುವವರು ಒಂದು ಸಾಲು ಸೀಟಿನಲ್ಲಿ ಎಷ್ಟು ಜನ ಸಿಕ್ಕಾರು?

‘ಮೂಲ ಧ್ವನಿ ಹಾಳಾಗುತ್ತದೆ’ ಅನ್ನುವ ಆಕ್ಷೇಪಕ್ಕೆ ಈ ಜಾತಿಯ ಚಿತ್ರಗಳಲ್ಲಿ ಅಷ್ಟು ತೂಕವಿಲ್ಲ, ಏಕೆಂದರೆ ಮೂಲವೇ ಅರ್ಧ ಡಬ್ಬಿಂಗ್. ‘ಗಾರ್ಡಿಯನ್ಸ್ ಆಫ್ ದ ಗ್ಯಾಲಕ್ಸಿ’ ಸರಣಿಯ ರಾಕೆಟ್ ಎಂಬ ರಕೂನ್‌ನನ್ನೇ ನೋಡಿ. ಸೆಟ್ಟಿನಲ್ಲಿ ಅದರ ಜಾಗದಲ್ಲಿ ಮಂಡಿಯೂರಿ ಕೂತವರು ಸೀನ್ ಗನ್, ಧ್ವನಿ ಬ್ರ್ಯಾಡ್ಲಿ ಕೂಪರ್ ಅವರದು. ಅದೇ ಸರಣಿಯ ಗ್ರೂಟ್ ಎಂಬ ಮರದ ಮನುಷ್ಯನ ಒಂದೇ ಸಾಲನ್ನು ವಿನ್ ಡೀಸೆಲ್ ಮೊದಲ ಚಿತ್ರಕ್ಕಾಗಿ ಹಲವು ಭಾಷೆಗಳಲ್ಲಿ ಸ್ವತಃ ಹೇಳಿದ್ದರು. ಗಾಳಿಯಂತ್ರ, ಸ್ಫೋಟ, ಹಗ್ಗದ ಮೇಲೆ ನೇತಾಡುವ ಸಾಹಸದ ನಡುವೆ ಸೆಟ್ಟಿನಲ್ಲಿ ಹಿಡಿದ ಮಾತು ಬಹಳ ಸಲ ಕೆಲಸಕ್ಕೆ ಬರುವುದಿಲ್ಲ. ಹಾಲಿವುಡ್ ನಟರೂ ಆಮೇಲೆ ಸ್ಟುಡಿಯೋದಲ್ಲಿ ತಮ್ಮದೇ ತುಟಿಗೆ ತಾವೇ ಮಾತು ಕೂರಿಸುತ್ತಾರೆ.

ಇನ್ನು ಮುಖವಾಡ. ಡಬ್ಬಿಂಗ್ ಬರೆಯುವವರಿಗೆ ಸ್ಪೈಡರ್‌ಮ್ಯಾನ್, ಡೆಡ್‌ಪೂಲ್, ಬ್ಲ್ಯಾಕ್ ಪ್ಯಾಂಥರ್ ಹಬ್ಬದೂಟ. ಬಾಯಿ ಕಾಣುವುದೇ ಇಲ್ಲ, ಮಾತು ಹೆಚ್ಚುಕಮ್ಮಿಯಾದರೂ ನಡೆಯುತ್ತದೆ. ಬ್ಯಾಟ್‌ಮ್ಯಾನ್ ತದ್ವಿರುದ್ಧ: ಕಣ್ಣು ಹಣೆ ಮುಚ್ಚಿ ಬಾಯಿ ಗದ್ದ ಮಾತ್ರ ಬಿಟ್ಟಿರುವುದರಿಂದ ನೋಡುವವರ ದೃಷ್ಟಿಯೆಲ್ಲ ತುಟಿಯ ಮೇಲೇ. ಐರನ್‌ಮ್ಯಾನ್‌ನ ಹೆಲ್ಮೆಟ್ಟಿನೊಳಗಿನ ಶಾಟ್‌ಗಳಂತೂ ಪರದೆ ತುಂಬ ಬರೀ ಮುಖ, ಅಲ್ಲಿ ಒಂದು ಅಕ್ಷರವೂ ಜಾರುವಂತಿಲ್ಲ.

ತುಟಿಗೆ ಹೊಂದಿಸುವುದು ಎಂದರೆ ಪ್ರತಿ ಅಕ್ಷರವನ್ನೂ ಹೊಂದಿಸುವುದಲ್ಲ. ಕಣ್ಣಿಗೆ ಚುಚ್ಚುವುದು ತುಟಿ ಮುಚ್ಚುವ ಪ, ಬ, ಮ ಮಾತ್ರ, ಆಮೇಲೆ ಮಾತು ಶುರುವಾಗುವ ಮತ್ತು ನಿಲ್ಲುವ ಜಾಗ. ‘ಗೆಟ್ ಔಟ್ ಆಫ್ ಹಿಯರ್’ ಅಂತ ಒಬ್ಬ ಕಿರುಚುತ್ತಾನೆ ಅಂದುಕೊಳ್ಳಿ. ಉಚ್ಚಾರದಲ್ಲಿ ನಾಲ್ಕೇ ತುಂಡು. ‘ಇಲ್ಲಿಂದ ಹೊರಗೆ ಹೋಗು’ ಅಂತ ಬರೆದರೆ ಎಂಟು ತುಂಡಾಗಿ, ಬಾಯಿ ಮುಚ್ಚಿದ ಮೇಲೂ ಮಾತು ಹರಿಯುತ್ತಿರುತ್ತದೆ. ‘ತೊಲಗಿಲ್ಲಿಂದ’ ಐದು, ಕೊಂಚ ನಾಟಕದ ವಾಸನೆ. ‘ನಡಿ ಆಚೆ’ ನಾಲ್ಕು. ತುಟಿ ಎಲ್ಲೂ ಕೂಡುವುದಿಲ್ಲ, ಇಂಗ್ಲಿಷಿನಲ್ಲೂ ಕೂಡುವುದಿಲ್ಲ, ಸಿಟ್ಟೂ ಸರಿಯಾಗಿದೆ. ‘ಐ ಆ್ಯಮ್ ಐರನ್ ಮ್ಯಾನ್’ಗೆ ‘ನಾನೇ ಐರನ್ ಮ್ಯಾನ್’ ಎಂದರೆ ಐದಕ್ಕೆ ಐದು, ಕೊನೆಯ ‘ಮ’ಕಾರಕ್ಕೆ ತುಟಿಯೂ ಕೂತಿತು. ಮೇಲಾಗಿ ಆ ‘ಏ’ಕಾರ! ಇಂಗ್ಲಿಷಿನಲ್ಲಿ ನಟ ದನಿಯಿಂದ ಒತ್ತಿ ಹೇಳಬೇಕಾದ್ದನ್ನು ನಮ್ಮಲ್ಲಿ ಒಂದು ಸ್ವರವೇ ಮಾಡುತ್ತದೆ.

ಕನ್ನಡ ಸೇರಿಸುವ ಇನ್ನೊಂದು ಸಂಗತಿ ನೀನು-ನೀವು. ಇಂಗ್ಲಿಷಿನ ‘ಯೂ’ ಎಲ್ಲರಿಗೂ ಒಂದೇ. ಇಲ್ಲಿ ಹದಿಹರೆಯದ ಹುಡುಗ ದೊಡ್ಡ ಹೀರೋನನ್ನು ಮೊದಲು ‘ನೀವು ಸರ್’ ಅಂತ ಮಾತಾಡಿಸಿ, ಜಗಳದ ದೃಶ್ಯದಲ್ಲಿ ಥಟ್ಟನೆ ‘ನೀನು’ ಅಂದರೆ ಮೂಲದಲ್ಲಿ ಇಲ್ಲದ ಒಂದು ಪೆಟ್ಟು ಬೀಳುತ್ತದೆ. ಇದನ್ನು ಸ್ಕ್ರಿಪ್ಟ್ ಬರೆಯುವ ಮೊದಲ ದಿನವೇ ಪಾತ್ರವಾರು ಪಟ್ಟಿ ಮಾಡಿ ತೀರ್ಮಾನಿಸಬೇಕು. ಧ್ವನಿ ಕೊಡುವವರು ಒಬ್ಬೊಬ್ಬರೇ ಬಂದು ತಮ್ಮ ಪಾತ್ರದ ಸಾಲುಗಳನ್ನಷ್ಟೇ ಮುಗಿಸಿ ಹೋಗುವುದರಿಂದ, ಪಟ್ಟಿ ಇಲ್ಲದಿದ್ದರೆ ಹತ್ತನೇ ನಿಮಿಷದ ‘ನೀವು’ ಕಾರಣವಿಲ್ಲದೆ ನಲವತ್ತನೇ ನಿಮಿಷಕ್ಕೆ ‘ನೀನು’ ಆಗಿರುತ್ತದೆ.

ಕೆಟ್ಟ ಡಬ್ಬಿಂಗ್ ಇಲ್ಲವೇ ಇಲ್ಲ ಎಂದು ಯಾರೂ ಹೇಳುತ್ತಿಲ್ಲ. ಅದಕ್ಕೆ ಮುಖ್ಯ ಕಾರಣ ಗಡುವು. ಎಲ್ಲ ಭಾಷೆಯಲ್ಲೂ ಒಂದೇ ದಿನ ಬಿಡುಗಡೆಯಾಗಬೇಕು, ಆದರೆ ಗ್ರಾಫಿಕ್ಸ್ ಮುಗಿಯುವುದು ಕಟ್ಟಕಡೆಗೆ. ಡಬ್ಬಿಂಗ್‌ನವರಿಗೆ ಮೊದಲು ಬರುವುದು ಮೇಲೆಲ್ಲ ವಾಟರ್‌ಮಾರ್ಕ್ ಹೊಡೆದ, ಅರ್ಧ ಬೂದು ಗೊಂಬೆಗಳಿರುವ ಪ್ರತಿ. ಆಮೇಲೆ ಎಡಿಟ್ ಬದಲಾದರೆ ಮುಗಿಸಿದ ಸಾಲುಗಳನ್ನು ಮತ್ತೆ ಕೂರಿಸಬೇಕು. ಇದು ಹಣ, ಸಮಯದ ಸಮಸ್ಯೆ. ಭಾಷೆಯ ತಲೆಗೆ ಕಟ್ಟಬಾರದು. ಕೆಜಿಎಫ್ ಹಿಂದಿಯಲ್ಲಿ ಗೆದ್ದಾಗ ‘ಮೂಲ ಧ್ವನಿ ಎಲ್ಲಿ’ ಅಂತ ಇಲ್ಲಿ ಯಾರೂ ಕೇಳಲಿಲ್ಲವಲ್ಲ.

ಟಿಕೆಟ್ ತೆಗೆಯುವ ಮೊದಲು ಕನ್ನಡ ಟ್ರೇಲರನ್ನು ಎರಡು ಸಲ ನೋಡಿ. ಮೊದಲ ಸಲ ದನಿ ನಿಲ್ಲಿಸಿ, ಬಾಯಿ ಕಾಣುವ ಶಾಟ್ ಎಷ್ಟಿವೆ ಎಣಿಸಿ. ಎರಡನೇ ಸಲ ಕಣ್ಣು ಮುಚ್ಚಿ ಕೇಳಿ. ‘ನಾನು ನಿನ್ನನ್ನು ಕೊಲ್ಲುತ್ತೇನೆ’ ಎಂಬ ಪಠ್ಯಪುಸ್ತಕದ ಕನ್ನಡವಿದ್ದರೆ ಆ ಚಿತ್ರಕ್ಕೆ ಬರಹಗಾರರು ಸಿಕ್ಕಿಲ್ಲ ಎಂದೇ ಲೆಕ್ಕ. ‘ನಿನ್ನ ಬಿಡಲ್ಲ’ ಎಂದಿದ್ದರೆ ಧೈರ್ಯವಾಗಿ ಮಕ್ಕಳನ್ನೂ ಅಜ್ಜಿಯನ್ನೂ ಕರೆದುಕೊಂಡು ಹೋಗಿ. ಬುಕಿಂಗ್ ಆ್ಯಪ್‌ನಲ್ಲಿ ಭಾಷೆ ಕನ್ನಡ ಎಂದು ಆರಿಸಿದ ಮೇಲೂ ಟೂಡಿಯೋ ತ್ರೀಡಿಯೋ ಎಂದು ಇನ್ನೊಮ್ಮೆ ನೋಡಿ. ಒಂದೇ ಥಿಯೇಟರಿನ ಆಟಗಳಲ್ಲಿ ಭಾಷೆ, ಮಾದರಿ ಎರಡೂ ಬೇರೆಬೇರೆ ಇರುತ್ತವೆ. ಅವಸರದಲ್ಲಿ ಒತ್ತಿದವರು ತೆಲುಗು ಆಟದಲ್ಲಿ ಕೂತು ಬಂದಿದ್ದುಂಟು.

ವಿರೋಧ: ಗುದ್ದು ಡಬ್ ಆದೀತು, ನಗು?

ಹೊಡೆದಾಟದ ಮಟ್ಟಿಗೆ ತಕರಾರಿಲ್ಲ. ಕಟ್ಟಡ ಬೀಳುವ ಸದ್ದಿಗೆ ಭಾಷೆ ಬೇಕಿಲ್ಲ. ಆದರೆ ಈಗಿನ ಕಾಮಿಕ್ಸ್ ಚಿತ್ರಗಳನ್ನು ಬರೀ ಆ್ಯಕ್ಷನ್ ಎನ್ನುವುದು ತಪ್ಪು. ಎರಡು ಗುದ್ದಿಗೆ ಒಂದು ಚಟಾಕಿ ಅನ್ನುವಷ್ಟು ಇವು ಹಾಸ್ಯಚಿತ್ರಗಳಾಗಿವೆ, ಜನ ಮನೆಗೆ ಹೋಗಿ ನೆನೆಸಿಕೊಳ್ಳುವುದೂ ಆ ಚಟಾಕಿಗಳನ್ನೇ. ಡಬ್ಬಿಂಗ್ ಕೈಕೊಡುವುದು ಅಲ್ಲೇ.

ಕನ್ನಡಕ್ಕೇ ಬಂದ ಆ 2023ರ ಸ್ಪೈಡರ್‌ಮ್ಯಾನ್ ಚಿತ್ರದ ಒಂದು ತಮಾಷೆ ತೆಗೆದುಕೊಳ್ಳಿ. ನ್ಯೂಯಾರ್ಕಿನ ಬ್ರೂಕ್ಲಿನ್ ಹುಡುಗ ಮೈಲ್ಸ್, ಭಾರತೀಯ ಸ್ಪೈಡರ್‌ಮ್ಯಾನ್ ಪವಿತ್ರ್ ಪ್ರಭಾಕರ್‌ನ ಊರಿಗೆ ಬಂದು ‘ಚಾಯ್ ಟೀ’ ಅನ್ನುತ್ತಾನೆ. ಚಾಯ್ ಎಂದರೇ ಟೀ ಕಣಯ್ಯಾ ಎಂದು ಪವಿತ್ರ್ ಉರಿದುಬೀಳುತ್ತಾನೆ. ಈ ನಗು ನಿಂತಿರುವುದು ಮೈಲ್ಸ್ ನಮ್ಮ ಭಾಷೆ ಬಾರದ ಹೊರಗಿನವನು ಎಂಬುದರ ಮೇಲೆ. ಈಗ ಅವನು ಅಚ್ಚ ಕನ್ನಡದಲ್ಲಿ ಮಾತಾಡುತ್ತಿದ್ದಾನೆ ಅಂದುಕೊಳ್ಳಿ. ಕನ್ನಡ ಬರುವ ಹುಡುಗನಿಗೆ ಚಾಯ್ ಗೊತ್ತಿಲ್ಲವೇ? ಸಾಲನ್ನು ಎಷ್ಟೇ ಜಾಣತನದಿಂದ ಬರೆದರೂ ಈ ತೂತು ಮುಚ್ಚುವುದಿಲ್ಲ. ಅದೇ ಚಿತ್ರದಲ್ಲಿ ಲಂಡನ್ನಿನ ಹೋಬಿ ತನ್ನೂರಿನ ಪಡ್ಡೆ ಇಂಗ್ಲಿಷ್ ಆಡುತ್ತಾನೆ, ಮೈಲ್ಸ್‌ನ ಅಮ್ಮನ ಮಾತಿನಲ್ಲಿ ಸ್ಪ್ಯಾನಿಷ್ ನುಸುಳುತ್ತದೆ. ಯಾರು ಎಲ್ಲಿಂದ ಬಂದವರು ಎಂಬುದು ಮಾತಿನ ಧಾಟಿಯಲ್ಲೇ ತಿಳಿಯಬೇಕು. ಕನ್ನಡದಲ್ಲಿ ಹೋಬಿಗೆ ಧಾರವಾಡದ ಮಾತು ಕೊಡುತ್ತೀರಾ, ಮಂಗಳೂರಿನದು ಕೊಡುತ್ತೀರಾ? ಕೊಟ್ಟರೆ ಅವನು ಲಂಡನ್ನಿನವನಾಗಿ ಉಳಿಯಲಿಲ್ಲ. ಕೊಡದಿದ್ದರೆ ಎಲ್ಲರೂ ಬೆಂಗಳೂರಿನ ಒಂದೇ ಬೀದಿಯವರು.

ಎರಡನೆಯದು ವಾಕ್ಯದ ಕಟ್ಟು. ಇಂಗ್ಲಿಷಿನಲ್ಲಿ ‘ಇಲ್ಲ’ ಎಂಬುದು ವಾಕ್ಯದ ಮೊದಲಲ್ಲೇ ಬಂದುಬಿಡುತ್ತದೆ, ಕನ್ನಡದಲ್ಲಿ ಕ್ರಿಯಾಪದದ ಬಾಲಕ್ಕೆ. ‘ಐ ಡಿಡಂಟ್ ಕಿಲ್ ಹಿಮ್’ ಎನ್ನುವ ನಟ ‘ಡಿಡಂಟ್’ ಅನ್ನುವಾಗಲೇ ತಲೆ ಆಡಿಸುತ್ತಾನೆ. ‘ನಾನವನನ್ನ ಕೊಲ್ಲಲಿಲ್ಲ’ ಎಂಬುದರಲ್ಲಿ ಆ ‘ಇಲ್ಲ’ ಬರುವ ಹೊತ್ತಿಗೆ ತಲೆ ಆಡಿ ನಿಂತಾಗಿದೆ. ‘ಇಲ್ಲ, ನಾನಲ್ಲ ಕೊಂದಿದ್ದು’ ಎಂದು ತಿರುಗಿಸಿ ಬರೆಯುವವರು ಇದ್ದಾರೆ, ಅವರಿಗೆ ನಮಸ್ಕಾರ. ಆದರೆ ಎರಡೂವರೆ ಗಂಟೆಯ ಚಿತ್ರದ ಪ್ರತಿ ಸಾಲಿಗೂ ಈ ಕುಸುರಿ ಮಾಡಲು, ಪರದ ಲೇಖನವೇ ಒಪ್ಪಿಕೊಂಡ ಆ ಗಡುವು ಬಿಡುತ್ತದೆಯೇ? ಹಾಸ್ಯದಲ್ಲಂತೂ ಮಾತಿನ ಕೊನೆಯ ಪದಕ್ಕೂ ಮುಂದಿನ ಶಾಟ್‌ನ ಪೆಚ್ಚುಮುಖಕ್ಕೂ ನಡುವೆ ಇರುವುದು ಕೆಲವೇ ಫ್ರೇಮು, ಸೆಕೆಂಡಿಗೆ 24ರ ಲೆಕ್ಕದಲ್ಲಿ. ಆರು ಫ್ರೇಮು ತಡವಾದರೆ ಕಾಲು ಸೆಕೆಂಡ್. ಅಷ್ಟಕ್ಕೇ ನಗು ಸಾಯುತ್ತದೆ.

ಮೂರನೆಯದನ್ನು ಕಿವಿ ಗಮನಿಸುತ್ತದೆ, ಏನೆಂದು ಹೆಸರಿಟ್ಟು ಹೇಳಲು ಬಾರದು. ಡಬ್ಬಿಂಗ್‌ಗೆ ಕೊಡುವುದು ಮಾತು ತೆಗೆದು ಸಂಗೀತ, ಸದ್ದು ಮಾತ್ರ ಉಳಿಸಿದ ಟ್ರ್ಯಾಕ್. ಸೆಟ್ಟಿನಲ್ಲಿ ಮಾತಿನ ಜೊತೆಗೇ ರೆಕಾರ್ಡ್ ಆದ ಹೆಜ್ಜೆ ಸಪ್ಪಳ, ಬಟ್ಟೆಯ ಸರಪರ, ಕುರ್ಚಿಯ ಕಿರ್ರೆನ್ನುವಿಕೆ ಮಾತು ತೆಗೆಯುವಾಗ ಜೊತೆಗೇ ಹೋಗುತ್ತವೆ. ಅವನ್ನೆಲ್ಲ ಮತ್ತೆ ತುಂಬದಿದ್ದರೆ ಕೋಣೆ ಟೊಳ್ಳು. ಅದರ ಮೇಲೆ ಮೈಕಿಗೆ ಬಾಯಿ ಹತ್ತಿರವಿಟ್ಟು ಆಡಿದ ಒಣ ದನಿ ಕೂತರೆ, ಗುಹೆಯಲ್ಲಿ ನಿಂತವನೂ ರೇಡಿಯೋ ಸ್ಟುಡಿಯೋದಲ್ಲಿ ಇದ್ದಂತೆ ಕೇಳಿಸುತ್ತದೆ. ಗುಹೆಯ ಗುಂಯ್ಗುಡುವಿಕೆಯನ್ನು ಮಿಕ್ಸಿಂಗ್‌ನಲ್ಲಿ ಸಾಲುಸಾಲಿಗೂ ಸೇರಿಸಬೇಕು, ಪಾತ್ರ ಕ್ಯಾಮೆರಾಗೆ ಬೆನ್ನು ಹಾಕಿದರೆ ದನಿ ಮಂಕಾಗಬೇಕು. ಒಬ್ಬರೇ ಮೂರು ಸಣ್ಣ ಪಾತ್ರಗಳಿಗೆ ದನಿ ಕೊಟ್ಟರೆ ಪೊಲೀಸ್, ಟ್ಯಾಕ್ಸಿಯವನು, ಟಿವಿ ವರದಿಗಾರ ಮೂವರೂ ಅಣ್ಣತಮ್ಮಂದಿರು.

ಹಾಗಾದರೆ ಇಂಗ್ಲಿಷ್ ಬಾರದವರು ಮನೆಯಲ್ಲಿ ಕೂರಬೇಕೇ ಎಂದು ಕೇಳಬಹುದು. ಬೇಡ. ಮೂಲ ಧ್ವನಿ ಇರಲಿ, ಕೆಳಗೆ ಕನ್ನಡ ಸಬ್‌ಟೈಟಲ್ ಕೊಡಿ. ಕಣ್ಣಿಗೆ ತೊಂದರೆ ಎಂಬ ವಾದ ಅರ್ಧ ಸತ್ಯ. ಹೊಡೆದಾಟದ ದೃಶ್ಯದಲ್ಲಿ ಮಾತೇ ಕಡಿಮೆ, ಮಾತು ಜಾಸ್ತಿ ಇರುವ ದೃಶ್ಯದಲ್ಲಿ ಶಾಟ್ ನಿಧಾನ. ತೊಂದರೆ ಬೇರೆ ಕಡೆ ಇದೆ. ನಮ್ಮ ಒತ್ತಕ್ಷರ ಸಾಲಿನ ಕೆಳಗೆ ನೇತಾಡುತ್ತದೆ. ಇಂಗ್ಲಿಷಿನ ಅಳತೆಯಲ್ಲೇ ಎರಡು ಸಾಲು ಕೂರಿಸಿದರೆ ಮೇಲಿನ ಸಾಲಿನ ‘ಸ್ತ್ರ’ದ ಬಾಲ ಕೆಳಗಿನ ಸಾಲಿನ ತಲೆಕಟ್ಟಿಗೆ ಸಿಕ್ಕಿಹಾಕಿಕೊಂಡು ಎರಡೂ ಓದಲಾಗುವುದಿಲ್ಲ. ಸಾಲಿನ ನಡುವೆ ಅಂತರ ಹೆಚ್ಚಿಸಬೇಕು, ಅಕ್ಷರಕ್ಕೆ ಕಪ್ಪು ಅಂಚು ಬೇಕು, ಮಾತನ್ನು ಅರ್ಧಕ್ಕರ್ಧ ಕತ್ತರಿಸಿ ಒಂದೇ ಸಾಲಿಗೆ ಇಳಿಸಬೇಕು. ‘ನೀನು ಹೇಳುತ್ತಿರುವುದು ನನಗೆ ಅರ್ಥವಾಗುತ್ತಿಲ್ಲ’ ಬೇಡ, ‘ಅರ್ಥ ಆಗ್ಲಿಲ್ಲ’ ಸಾಕು. ಒಬ್ಬ ಒಳ್ಳೆಯ ಬರಹಗಾರ, ಒಬ್ಬ ತಿದ್ದುವವನು ಇದ್ದರೆ ಆಗುವ ಕೆಲಸ. ನಲವತ್ತು ದನಿ ಹುಡುಕುವ ಗೋಜಿಲ್ಲ, ಮಿಕ್ಸಿಂಗ್ ಇಲ್ಲ. ಓದಲು ಬಾರದ ಚಿಕ್ಕ ಮಕ್ಕಳಿಗೆ ಇದು ಆಗುವುದಿಲ್ಲ ಎಂಬುದು ನಿಜ. ಅವರಿಗೆ ಕಾರ್ಟೂನ್ ಚಿತ್ರ ಡಬ್ ಮಾಡಿ, ಅಲ್ಲಿ ಬಾಯಿ ಹೇಗೂ ಬರೆದದ್ದೇ.

ಡಬ್ ಮಾಡಲೇಬೇಕು ಎಂದರೆ ಹಿಂದಿಯವರ ಎದೆಗಾರಿಕೆಯಾದರೂ ಇರಲಿ. 2018ರ ‘ಡೆಡ್‌ಪೂಲ್ 2’ಕ್ಕೆ ಹಿಂದಿಯಲ್ಲಿ ದನಿ ಕೊಟ್ಟವರು ರಣವೀರ್ ಸಿಂಗ್. ಅಮೆರಿಕದ ಜೋಕುಗಳನ್ನು ಕಿತ್ತು ಬಾಲಿವುಡ್ ಜೋಕು ನೆಟ್ಟರು. ಅದು ಅನುವಾದ ಅಲ್ಲ, ಹೊಸ ನಾಟಕ. ಕನ್ನಡದಲ್ಲೂ ಅಂಥದ್ದಕ್ಕೆ ಆರ್ಕೆಸ್ಟ್ರಾ ಮಿಮಿಕ್ರಿಯಿಂದ ರಂಗಭೂಮಿಯವರೆಗೆ ಕಲಾವಿದರು ಬೇಕಾದಷ್ಟಿದ್ದಾರೆ. ಅವರಿಗೆ ಸ್ಕ್ರಿಪ್ಟ್ ಬಿಡುಗಡೆಗೆ ಹತ್ತೇ ದಿನ ಮುಂಚೆ ಕೊಟ್ಟರೆ ಏನೂ ಮಾಡಲಾಗದು. ತೆಲುಗು ಸ್ಕ್ರಿಪ್ಟ್ ಪಕ್ಕಕ್ಕಿಟ್ಟುಕೊಂಡು ಪ್ರತ್ಯಯ ಬದಲಿಸಿ ಬರೆದರೆ ಮೊದಲ ಜೋಕಿಗೇ ಸಿಕ್ಕಿಬೀಳುತ್ತಾರೆ. ಆ ತರಹದ ಆಟಕ್ಕೆ ದುಡ್ಡು ಸುರಿಯುವುದಕ್ಕಿಂತ ಚಿತ್ರ ಓಟಿಟಿಗೆ ಬರುವವರೆಗೆ ಕಾಯುವುದು ವಾಸಿ. ಅಲ್ಲಿ ಆಡಿಯೋ ಪಟ್ಟಿಯಲ್ಲಿ ಕನ್ನಡವಿದ್ದರೆ ಒಂದೇ ಹಾಸ್ಯದ ದೃಶ್ಯವನ್ನು ಎರಡೂ ಭಾಷೆಯಲ್ಲಿ ಹಾಕಿ ಕೇಳಿ, ಪಕ್ಕದಲ್ಲಿ ಕೂತವರು ಯಾವುದಕ್ಕೆ ನಕ್ಕರು ನೋಡಿ.