ಬ್ರಹ್ಮಚಾರಿಗಳ ಮ್ಯಾರೇಜ್ ಬ್ಯೂರೋ

ದಕ್ಷಿಣ ಕೊರಿಯಾದ ಸರ್ಕಾರಕ್ಕೆ ಏನಾದರೂ ಕೊರತೆ ಬಿದ್ದಾಗ ಅದರ ಕಣ್ಣು ಬೆಟ್ಟದ ಮೇಲಿನ ಬೌದ್ಧ ದೇವಾಲಯಗಳ ಕಡೆ ಹೊರಳುತ್ತದೆ. 2002ರಲ್ಲಿ ಫುಟ್‌ಬಾಲ್ ವಿಶ್ವಕಪ್‌ಗೆ ಬರುವ ವಿದೇಶಿಯರಿಗೆ ಹೋಟೆಲ್ ಕೋಣೆ ಸಾಲದು ಎಂಬ ಚಿಂತೆ ಹತ್ತಿತು. ಭಿಕ್ಷುಗಳು ಜಾಗ ಕೊಟ್ಟರು, ‘ಟೆಂಪಲ್‌ಸ್ಟೇ’ ಹುಟ್ಟಿಕೊಂಡಿತು. ಈಗಿನ ಕೊರತೆ ಮಕ್ಕಳದ್ದು. 2023ರಲ್ಲಿ ಅಲ್ಲಿ ಒಬ್ಬ ಹೆಣ್ಣಿಗೆ ಸರಾಸರಿ 0.72 ಮಗು. ಜನಸಂಖ್ಯೆ ಕರಗದಿರಲು 2.1 ಬೇಕು. ಈ ಅಂತರ ತುಂಬಲು ಟೊಂಕ ಕಟ್ಟಿ ನಿಂತವರು ಯಾರೆಂದರೆ, ಮದುವೆಯ ಗೊಡವೆಯೇ ಬೇಡವೆಂದು ತಲೆ ಬೋಳಿಸಿಕೊಂಡವರು.

ಅಲ್ಲಿನ ಅತಿ ದೊಡ್ಡ ಬೌದ್ಧ ಪಂಥವಾದ ಜೋಗ್ಯೆಯ ಸಮಾಜ ಕಲ್ಯಾಣ ಪ್ರತಿಷ್ಠಾನ ಮುಂಚಿನಿಂದಲೂ ಸಣ್ಣದಾಗಿ ನಡೆಸಿಕೊಂಡು ಬಂದಿದ್ದ ಜೋಡಿ ಹುಡುಕುವ ಶಿಬಿರ, 2023ರಲ್ಲಿ ಟಿವಿಯ ಡೇಟಿಂಗ್ ಶೋ ನೆನಪಿಸುವ ಹೊಸ ಹೆಸರು ಇಟ್ಟುಕೊಂಡ ಮೇಲೆ ಊರೆಲ್ಲ ಸುದ್ದಿಯಾಯಿತು. ಹತ್ತು ಗಂಡು, ಹತ್ತು ಹೆಣ್ಣು, ಒಂದು ರಾತ್ರಿ, ಎರಡು ಹಗಲು. 2024ರ ಆಗಸ್ಟ್‌ನಲ್ಲಿ ಸಮುದ್ರದಂಚಿನ ನಕ್‌ಸಾನ್‌ಸಾ ದೇವಾಲಯದಲ್ಲಿ ನಡೆದ ಶಿಬಿರದ 20 ಸೀಟಿಗೆ ಸಾವಿರಕ್ಕೂ ಹೆಚ್ಚು ಅರ್ಜಿ ಬಂದವು. ನಿರ್ವಾಣಕ್ಕೆ ಇಷ್ಟು ನೂಕುನುಗ್ಗಲು ಎಂದೂ ಇರಲಿಲ್ಲ.

ಇದರ ಸೊಗಸು ಗೊತ್ತಾಗಬೇಕಾದರೆ ಜೋಗ್ಯೆಯವರ ಪೂರ್ವಾಪರ ತಿಳಿದಿರಬೇಕು. ಜಪಾನಿನ ಆಳ್ವಿಕೆಯ ಕಾಲದಲ್ಲಿ ಕೊರಿಯಾದ ಬಹುತೇಕ ಭಿಕ್ಷುಗಳು ಮದುವೆಯಾಗಿಬಿಟ್ಟಿದ್ದರು. 1954ರಲ್ಲಿ ಅಧ್ಯಕ್ಷ ಸಿಂಗ್‌ಮನ್ ರೀ, ಹೆಂಡತಿ ಇರುವವರು ದೇವಾಲಯ ಬಿಟ್ಟು ಹೊರಡಿ ಎಂದರು. ವರ್ಷಗಟ್ಟಲೆ ಹೊಡೆದಾಟ, ಕೋರ್ಟು ಕಚೇರಿ ನಡೆದು, ಗೆದ್ದ ಬ್ರಹ್ಮಚಾರಿಗಳ ಕಡೆಯವರ ಕೈಗೆ 1962ರಲ್ಲಿ ಈಗಿನ ಜೋಗ್ಯೆ ಪಂಥ ಬಂತು. ಸಂಸಾರಸ್ಥರನ್ನು ಅಂಗಳದಿಂದ ಓಡಿಸಿದವರೇ ಇಂದು ಅದೇ ಅಂಗಳಕ್ಕೆ ಸಂಸಾರ ಹೂಡುವವರನ್ನು ಬಸ್ಸಿನಲ್ಲಿ ಕರೆತರುತ್ತಿದ್ದಾರೆ.

ಬಂದವರು ಇಳಿಯುವ ಜಾಗ ಎಂಥದ್ದು? ಆಸೆಯನ್ನು ಬೇರುಸಹಿತ ಕೀಳಲೆಂದೇ ಶತಮಾನಗಳಿಂದ ತಿದ್ದಿ ತೀಡಿದ ಯಂತ್ರ ಅದು. ಅಡುಗೆಮನೆಯನ್ನೇ ನೋಡಿ. ಮಾಂಸ ಇಲ್ಲ, ಅದಿರಲಿ. ಈರುಳ್ಳಿ, ಬೆಳ್ಳುಳ್ಳಿ ಮತ್ತು ಅವುಗಳ ಕುಲಬಾಂಧವರೂ ಇಲ್ಲ. ನಿಷೇಧದ ಹಳೆಯ ಪಟ್ಟಿಯಲ್ಲಿ ನಮ್ಮ ಸಾರಿನ ಒಗ್ಗರಣೆಯ ಇಂಗು ಕೂಡ ಇದೆ. ಬೇಯಿಸಿ ತಿಂದರೆ ಕಾಮ, ಹಸಿ ತಿಂದರೆ ಕ್ರೋಧ ಎಂದು ಬೌದ್ಧ ಸೂತ್ರವೊಂದು ಕಾರಣ ಕೊಟ್ಟಿದೆ. ಅಂದರೆ ಬೆಳ್ಳುಳ್ಳಿಯ ಒಂದು ಎಸಳಿಗೂ ಹೆದರುವ ಅಂಗಳದಲ್ಲಿ ಮೂವತ್ತರ ಆಸುಪಾಸಿನ ಹತ್ತು ಗಂಡುಗಳನ್ನೂ ಹತ್ತು ಹೆಣ್ಣುಗಳನ್ನೂ ಎದುರುಬದುರು ಕೂರಿಸಿ, ಸರದಿಯ ಮೇಲೆ ಜೋಡಿ ಬದಲಿಸುತ್ತ ಚಹಾ ಕುಡಿಸುತ್ತಾರೆ. ಒಲೆಯಲ್ಲಿ ಆರಿಸಿದ್ದನ್ನು ಜಗಲಿಯಲ್ಲಿ ಹೊತ್ತಿಸುವ ಈ ವಿದ್ಯೆಯನ್ನು ಯಾವ ಸೂತ್ರವೂ ಹೇಳಿದಂತಿಲ್ಲ.

ಸಾಮಾನ್ಯ ಟೆಂಪಲ್‌ಸ್ಟೇಯ ಊಟದ ಕ್ರಮವಂತೂ ಪ್ರಣಯಕ್ಕೆ ಪ್ರತ್ಯೌಷಧ. ಬಾರು ಗೊಂಗ್ಯಾಂಗ್ ಎಂಬ ಸಾಂಪ್ರದಾಯಿಕ ಊಟಕ್ಕೆ ಒಂದರೊಳಗೊಂದು ಕೂರುವ ನಾಲ್ಕು ಬಟ್ಟಲು: ಅನ್ನಕ್ಕೆ, ಸಾರಿಗೆ, ಪಲ್ಯಕ್ಕೆ, ನೀರಿಗೆ. ಮಾತಿಲ್ಲ, ಬಟ್ಟಲಿನ ಸದ್ದಿಲ್ಲ. ಮೂಲಂಗಿ ಉಪ್ಪಿನಕಾಯಿಯ ಒಂದು ಹೋಳನ್ನು ಮೊದಲೇ ಎತ್ತಿಟ್ಟುಕೊಳ್ಳಬೇಕು. ಕೊನೆಗೆ ಅದರಿಂದಲೇ ಬಟ್ಟಲುಗಳನ್ನು ಬಿಸಿನೀರಲ್ಲಿ ಉಜ್ಜಿ, ಹೋಳನ್ನು ತಿಂದು, ಉಜ್ಜಿದ ನೀರನ್ನೂ ಕುಡಿಯಬೇಕು. ಹೊಸಬರು ಎಡವುವುದು ಇಲ್ಲೇ. ಹೋಳು ಎತ್ತಿಡಲು ಮರೆತು ತಿಂದುಬಿಡುತ್ತಾರೆ, ಆಮೇಲೆ ಬೆರಳೇ ಗತಿ. ಕಡೆಯಲ್ಲಿ ತೊಳೆದ ತಿಳಿನೀರನ್ನು ಒಂದೇ ಪಾತ್ರೆಗೆ ಸುರಿಯುತ್ತಾರೆ. ಅದು ಸೂಜಿಯಷ್ಟು ಸಣ್ಣ ಗಂಟಲಿನ ಹಸಿದ ಪ್ರೇತಗಳ ಪಾಲು. ಅದರಲ್ಲಿ ಒಂದು ಮೆಣಸಿನ ಚೂರು ತೇಲಿದರೂ ಪ್ರೇತಕ್ಕೆ ಗಂಟಲುರಿ. ಮೊದಲ ಭೇಟಿಯಲ್ಲಿ ಮುಸುರೆನೀರು ಕುಡಿದು ತೋರಿಸುವಂತಾದರೆ ಹುಡುಗನ ಗುಣ ಪರೀಕ್ಷೆಗೆ ಬೇರೆ ಏನೂ ಬೇಡ.

ನಂತರ 108 ನಮಸ್ಕಾರ. ಜುಕ್‌ಬಿ ಎಂಬ ಬಿದಿರ ಸೀಳನ್ನು ಅಂಗೈಗೆ ಬಡಿದಾಗೊಮ್ಮೆ ಒಂದು ನಮಸ್ಕಾರ: ಕೈ ಮುಗಿದು ಮೊಣಕಾಲೂರಿ, ಹಣೆ ನೆಲಕ್ಕೆ ಮುಟ್ಟಿಸಿ, ಅಂಗೈ ಮೇಲೆತ್ತಿ, ಮತ್ತೆ ಕೈ ಊರದೆ ಏಳಬೇಕು. ಕುರ್ಚಿಯಲ್ಲೇ ಬದುಕು ಸವೆಸಿದವರ ತೊಡೆ ಮೂವತ್ತು ದಾಟುವಷ್ಟರಲ್ಲಿ ನಡುಗತೊಡಗುತ್ತದೆ. ಕೆಲವೆಡೆ ನಮಸ್ಕಾರಕ್ಕೊಂದು ಮಣಿ ಪೋಣಿಸಬೇಕು. ನಡುಗುವ ಕೈಯಿಂದ ಮಣಿ ಜಾರಿ ಮರದ ನೆಲದ ಮೇಲೆ ಉರುಳಿದರೆ ಇಡೀ ಸಭಾಂಗಣಕ್ಕೆ ಕೇಳುತ್ತದೆ.

ಆಯೋಜಕರ ಹಾಸ್ಯಪ್ರಜ್ಞೆಗೆ ಮಾತ್ರ ತಲೆಬಾಗಬೇಕು. 2024ರ ಏಪ್ರಿಲ್‌ನಲ್ಲಿ ಶಿಬಿರಕ್ಕೆ ಆರಿಸಿಕೊಂಡದ್ದು ಗಾಂಘ್ವಾ ದ್ವೀಪದ ಜೊಂದುಂಗ್‌ಸಾ ದೇವಾಲಯವನ್ನು. ಅದರ ಮುಖ್ಯ ಮಂದಿರದ ಸೂರಿನ ಮೂಲೆಗಳಲ್ಲಿ ಕುಕ್ಕರುಗಾಲಲ್ಲಿ ಕೂತು ಛಾವಣಿ ಹೊತ್ತ ಆಕೃತಿಗಳಿವೆ. ಬಡಗಿಯ ದುಡ್ಡು ಎತ್ತಿಕೊಂಡು ಓಡಿಹೋದ ಪ್ರೇಯಸಿಯನ್ನು, ಯುಗಯುಗಕ್ಕೂ ಭಾರ ಹೊರಲಿ ಎಂದು ಅವನು ಬೆತ್ತಲೆಯಾಗಿ ಕೆತ್ತಿಟ್ಟ ಎಂಬುದು ಐತಿಹ್ಯ. ಬಾಳಸಂಗಾತಿಯನ್ನು ಹುಡುಕಲು ಬಂದವರು ಈ ಸೂರಿನಡಿ ನಿಂತು ಮೇಲೆ ನೋಡಿದರೆ ಪೂರ್ತಿ ಮಾಹಿತಿ ಸಿಕ್ಕಂತೆಯೇ.

ನಗಬೇಕಾದ್ದು ಭಿಕ್ಷುಗಳನ್ನಲ್ಲ. ಶಿಬಿರ ಸುದ್ದಿಯಾದ ಅದೇ 2023ರ ಮಾರ್ಚ್‌ನಲ್ಲಿ ಅಲ್ಲಿನ ಸರ್ಕಾರ ವಾರದ ಗರಿಷ್ಠ ದುಡಿಮೆಯನ್ನು 52 ಗಂಟೆಯಿಂದ 69ಕ್ಕೆ ಏರಿಸಲು ಹೊರಟಿತ್ತು. ಯುವಜನರು ರೇಗಿದ ಮೇಲೆ ಹಿಂದೆ ಸರಿಯಿತು. ಸೋಲ್ ನಗರದ ಮನೆ ಬೆಲೆ, ಟ್ಯೂಷನ್ ಖರ್ಚು, ಹೆತ್ತವಳ ನೌಕರಿ ಇವೆಲ್ಲ ಇದ್ದಲ್ಲೇ ಇವೆ; ಅವನ್ನು ಸರಿಮಾಡುವ ಬದಲು ಒಂದು ಬಟ್ಟಲು ಹಸಿರು ಚಹಾ. ನಮ್ಮಲ್ಲಿಯೂ 2023ರ ಫೆಬ್ರವರಿಯಲ್ಲಿ ಮಂಡ್ಯ ಸೀಮೆಯ ರೈತ ಹುಡುಗರು ಹೆಣ್ಣು ಸಿಗಲೆಂದು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದರು. ಬೆಳೆಗೆ ಬೆಲೆ ಇಲ್ಲದ ಸಂಕಟವನ್ನು ಮಾದಪ್ಪನ ಮೇಲೆ ಹೊರಿಸಿದ್ದಾಯಿತು. ಅಲ್ಲಿ ಬುದ್ಧ, ಇಲ್ಲಿ ಮಾದಪ್ಪ. ಕಾರ್ಮಿಕ ಇಲಾಖೆಗೂ ಕೃಷಿ ಇಲಾಖೆಗೂ ರಜೆ.

ಪಂಥಕ್ಕೂ ತನ್ನದೊಂದು ಲೆಕ್ಕವಿದ್ದೀತು. ಸನ್ಯಾಸಕ್ಕೆ ಬರುವ ಹೊಸಬರು ಅಲ್ಲಿ ಹಿಂದಿಗಿಂತ ಬಹಳ ಕಡಿಮೆಯಾಗಿದ್ದಾರೆ. ಈ ಚಹಾಕೂಟದಿಂದ ಮದುವೆ, ಮದುವೆಯಿಂದ ಮಗು, ಆ ಮಗು ಇಪ್ಪತ್ತು ದಾಟಿದಾಗ ಸಂಸಾರ ಬೇಸರವಾಗಿ ತಲೆ ಬೋಳಿಸಿಕೊಂಡರೆ ಒಬ್ಬ ಭಿಕ್ಷು. ನೇಮಕಾತಿಗೆ ಇಷ್ಟು ದೂರದ ಯೋಜನೆ ಹಾಕುವ ಸಂಸ್ಥೆ ಇನ್ನೊಂದಿಲ್ಲ.

ಹೋಗುವವರಿಗೆ ಕಿವಿಮಾತು: ಕಾಲ್ಚೀಲ ಒಯ್ಯಿರಿ, ಬರಿಗಾಲಲ್ಲಿ ಮಂದಿರದೊಳಕ್ಕೆ ಹೋಗುವುದು ಅಲ್ಲಿ ಮರ್ಯಾದೆಯಲ್ಲ. ನಡುಬಾಗಿಲು ಭಿಕ್ಷುಗಳಿಗೆ, ನಿಮಗೆ ಪಕ್ಕದ್ದು. ಹಾಸಿಗೆ ತೆಳು, ಆದರೆ ಅಡಿಯಿಂದ ಕಾಯಿಸುವ ಓಂಡೊಲ್ ನೆಲ ಬೆಚ್ಚಗಿರುತ್ತದೆ. ಗಂಡಸರಿಗೂ ಹೆಂಗಸರಿಗೂ ಬೇರೆ ಬೇರೆ ಕೋಣೆ. ಸಾಮಾನ್ಯವಾಗಿ ರಾತ್ರಿ 9ಕ್ಕೆಲ್ಲ ದೀಪ ಆರಿಸುತ್ತಾರೆ, ನಸುಕಿನ 4ರ ಹೊತ್ತಿಗೆ ಮೊಕ್ತಾಕ್ ಎಂಬ ಮರದ ತಾಳವಾದ್ಯ ಬಡಿಯುತ್ತ ಎಬ್ಬಿಸುತ್ತಾರೆ. ಹೇಳಬೇಕಾದ್ದೇನಾದರೂ ಇದ್ದರೆ ಎಂಟೂವರೆಯೊಳಗೆ ಹೇಳಿ ಮುಗಿಸಿ.